ಮೂಗು ಮಗಳದು, ಕೈ ತಾಯಿಯದು

ಆ ದೊಡ್ಡ ಹೋಟೆಲಿನ ಬಟ್ಟೆ ಕೋಣೆ ಇರುವುದು ನೆಲಮಾಳಿಗೆಯಲ್ಲಿ. ಮೇಲಿನ ಮಹಡಿಗಳಲ್ಲಿ ಯಾರು ಯಾರೋ ಮಲಗೆದ್ದ ಹಾಸಿಗೆಗಳ ಚಾದರ, ದಿಂಬಿನ ಚೀಲ, ಟವೆಲ್ಲು ಎಲ್ಲವೂ ಒಗೆದು ಒಣಗಿ, ತಳ್ಳುಗಾಡಿಯಲ್ಲಿ ತುಂಬಿಕೊಂಡು ಅಲ್ಲಿಗೆ ಬರುತ್ತವೆ. ಹರಿದದ್ದನ್ನು ಬೇರೆ ತೆಗೆದು, ಹೊಲಿದು, ಮಡಿಸಿ ಕಪಾಟಿಗೇರಿಸುವುದು ಟೈಲರಮ್ಮನ ಕೆಲಸ. ಕೋಣೆಗೆ ಕಿಟಕಿಯಿಲ್ಲ. ಹೊತ್ತು ಏರಿತೋ ಇಳಿಯಿತೋ ತಿಳಿಯುವುದಿಲ್ಲ. ಗೋಡೆಯಾಚೆ ಒಗೆಯುವ ಯಂತ್ರಗಳು ದಿನವಿಡೀ ಗುಡುಗುಡು ಎನ್ನುತ್ತಿರುತ್ತವೆ. ಗಾಡಿ ತಳ್ಳಿಕೊಂಡು ಬಂದವರೆಲ್ಲ ಬಾಗಿಲಲ್ಲೇ ನಿಂತು, "ಅಬ್ಬಬ್ಬಾ, ಏನ್ ಸೋಪಿನ ಘಾಟು! ಇಲ್ಲಿ ಹೆಂಗೆ ಕೂತಿರ್ತೀರಕ್ಕಾ?" ಎನ್ನುವರು. ಟೈಲರಮ್ಮ ನಕ್ಕು ಮತ್ತೆ ಹೊಲಿಯತೊಡಗುವಳು. ಅವಳಿಗೆ ಸೋಪಿನ ವಾಸನೆಯೂ ಬರುತ್ತಿರಲಿಲ್ಲ, ಬೇರೆ ಯಾವ ವಾಸನೆಯೂ ಬರುತ್ತಿರಲಿಲ್ಲ.

ಹುಟ್ಟಿನಿಂದ ಬಂದದ್ದಲ್ಲ ಅದು. ಮದುವೆಯಾದ ಹೊಸದರಲ್ಲಿ ಅವಳು ಮನೆಯಲ್ಲೇ ಕೂತು ಪರದೆ ಹೊಲಿಯುತ್ತಿದ್ದಳು. ಗಂಡ ಲಾರಿ ಡ್ರೈವರ್. ಹೆಣ್ಣುಮಗು ಹುಟ್ಟಿ ಇನ್ನೂ ತೆವಳಲು ಕಲಿಯುತ್ತಿದ್ದಾಗ ತಾಯಿ, ಮಗು ಇಬ್ಬರಿಗೂ ಒಟ್ಟಿಗೇ ಜ್ವರ ಬಂತು. ತಾಯಿಯ ಜ್ವರ ಬಿಟ್ಟಿತು, ಬಿಡುವಾಗ ಮೂಗಿನ ಗುಣವನ್ನು ಕೊಂಡೊಯ್ದಿತು. ಮಗುವಿನ ಜ್ವರ ಎದೆಗಿಳಿಯಿತು. ಮಗು ಬದುಕುಳಿಯಿತು ಎನ್ನುವುದೇ ದೊಡ್ಡ ಮಾತು, ಆದರೆ ಶ್ವಾಸಕೋಶದೊಳಗಿನ ನಾಳಗಳು ಸಡಿಲವಾಗಿ ಹೋದವು. ಕಫ ಅಲ್ಲೇ ನಿಲ್ಲುತ್ತದೆ, ಕೆಡುತ್ತದೆ, ಮತ್ತೆ ಜ್ವರ ತರುತ್ತದೆ. "ಇದು ವಾಸಿ ಆಗೋ ಕಾಯಿಲೆ ಅಲ್ಲಮ್ಮ, ಹದ್ದುಬಸ್ತಿನಲ್ಲಿ ಇಟ್ಕೊಳ್ಳೋ ಕಾಯಿಲೆ" ಎಂದರು ಡಾಕ್ಟರು. ಮನೆಗೇ ಬೆಂಕಿ ಬಿದ್ದಿರುವಾಗ ಒಲೆ ಆರಿದ್ದನ್ನು ಯಾರು ವಿಚಾರಿಸುತ್ತಾರೆ? ತನ್ನ ಮೂಗಿನ ಸುದ್ದಿಯನ್ನು ಅವಳು ಯಾರಿಗೂ ಹೇಳಲಿಲ್ಲ.

ಮಗುವಿನ ಎದೆಯಲ್ಲಿ ಸಣ್ಣಗೆ ಸಿಳ್ಳೆಯಂತಹ ಸದ್ದು. ಅಪ್ಪ ಅದನ್ನು ತಮಾಷೆ ಮಾಡಿಕೊಂಡು ಗೆಲ್ಲಲು ನೋಡಿದ. "ನಮ್ಮನೇಗೆ ಸೀಟಿ ಬಂದಿದೆ, ಇನ್ನು ಕುಕ್ಕರ್ ಯಾಕೆ ಬೇಕು?" ಎಂದು ನಗಿಸಿದ. ಸೀಟಿ ಎಂಬ ಹೆಸರೇ ನಿಂತುಹೋಯಿತು. ಬಟ್ಟೆಯ ದೂಳು, ನೂಲಿನ ಜುಂಗು ಮಗುವಿಗೆ ಆಗದು ಎಂದು ಡಾಕ್ಟರು ಹೇಳಿದ ಮೇಲೆ ಹೊಲಿಗೆ ಯಂತ್ರ ಮನೆಯಿಂದಾಚೆ ಹೋಯಿತು. ಅದರ ಹಿಂದೆಯೇ ಟೈಲರಮ್ಮ ಹೋಟೆಲಿನ ನೆಲಮಾಳಿಗೆ ಸೇರಿದಳು. ಆಮೇಲೆ ಮನೆಗೆ ಬರುವ ಜನ ಕಡಿಮೆಯಾದರು. ನೆಗಡಿಯಾದವರು ಬರಬೇಡಿ ಎಂದರೆ ಆಗದವರೂ ಬರುವುದಿಲ್ಲ, ಆದವರೂ ಬರುವುದಿಲ್ಲ. ಕಡೆಗೆ ಗಂಡನ ದಾರಿಯೂ ಉದ್ದವಾಗುತ್ತ ಹೋಯಿತು. ಅವನು ಕೆಟ್ಟವನಲ್ಲ. ಒಮ್ಮೆ ಮಗು ಕೆಮ್ಮಿ ಕೆಮ್ಮಿ ನೀಲಿಗಟ್ಟುತ್ತಿದ್ದಾಗ ಅಂಗಳಕ್ಕೆ ಹೋಗಿ ಕಿವಿ ಮುಚ್ಚಿಕೊಂಡು ಕೂತುಬಿಟ್ಟಿದ್ದ. "ನನ್ ಕೈಲಿ ಕೇಳಕ್ಕಾಗಲ್ಲ ಕಣೇ" ಎಂದಿದ್ದ. ಮೊದಮೊದಲು ದೂರದ ಸರಕು ಎಂದ, ಆಮೇಲೆ ಅಲ್ಲೇ ಒಂದು ಕೋಣೆ ಹಿಡಿದಿದ್ದೇನೆ ಎಂದ, ಆಮೇಲೆ ಫೋನು ಮಾತ್ರ ಬರುತ್ತಿತ್ತು.

ಹೀಗೆ ಎರಡು ಜೀವ, ಎರಡು ಕೋಣೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಗಳ ಮುಖಕ್ಕೆ ಮಾಸ್ಕ್ ಹಾಕಿ ಯಂತ್ರದಿಂದ ಔಷಧದ ಹಬೆ ಕೊಡಬೇಕು. ಆಮೇಲೆ ದಿಂಬುಗಳ ಮೇಲೆ ಬೋರಲು ಮಲಗಿಸಿ, ಅಂಗೈಯನ್ನು ಬೊಗಸೆಯಂತೆ ಬಾಗಿಸಿ ಬೆನ್ನು ತಟ್ಟಬೇಕು, ಕಫ ಸಡಿಲವಾಗಿ ಬರುವ ತನಕ. ಸೀಟಿ ಶಾಲೆಗೆ ಹೋಗುವಷ್ಟು ದೊಡ್ಡವಳಾದಂತೆ ಮಾಸ್ಕ್ ಎಂದರೆ ಹೆದರತೊಡಗಿದಳು. ಯಂತ್ರದ ಗುರ್ ಎನ್ನುವ ಸದ್ದು ಕೇಳಿದರೆ ಸಾಕು, ಮೈ ಸೆಟೆದು ಉಸಿರು ಮೇಲಕ್ಕೇ ಹತ್ತಿಕೊಳ್ಳುವುದು. ಹೆದರಿದರೆ ಉಸಿರು ಕಟ್ಟುತ್ತದೆ, ಉಸಿರು ಕಟ್ಟಿದರೆ ಇನ್ನೂ ಹೆದರಿಕೆ. ತಾಯಿ ಗದರಿಸಿ ನೋಡಿದಳು, ಮುದ್ದಿಸಿ ನೋಡಿದಳು, ಗೋಡೆಗೆ ಮುಖ ಮಾಡಿ ಅತ್ತೂ ನೋಡಿದಳು.

ಆಸ್ಪತ್ರೆಯಲ್ಲಿ ಬೆನ್ನು ತಟ್ಟುವುದನ್ನು ಕಲಿಸಿಕೊಟ್ಟ ಫಿಸಿಯೋ ಮೇಡಂ ಒಬ್ಬರಿದ್ದರು. ಅವರೇ ಹೇಳಿದ್ದು. "ಮಗುಗೆ ಹಿತ ಅನ್ಸೋ ಯಾವ್ದಾದ್ರೂ ವಾಸನೆ ಇದ್ಯಾ? ಲ್ಯಾವೆಂಡರ್ ಎಣ್ಣೆನೋ, ಕಿತ್ತಳೆದೋ. ಹತ್ತಿಗೆ ಒಂದೇ ಒಂದು ತೊಟ್ಟು, ಅದೂ ದೂರದಲ್ಲಿ. ಎದೆಗೆ ಔಷಧಿ ಅಂತ ತಿಳ್ಕೋಬೇಡಿ, ಇದು ಹೆದರಿಕೆಗೆ ಮಾತ್ರ. ಮೊದಲು ಡಾಕ್ಟರನ್ನ ಕೇಳಿ."

ಟೈಲರಮ್ಮ ಡಾಕ್ಟರನ್ನು ಕೇಳಲಿಲ್ಲ. ಆ ಸಂಜೆಯೇ ದಾರಿಯಲ್ಲಿ ಲ್ಯಾವೆಂಡರ್ ಎಣ್ಣೆಯ ಪುಟ್ಟ ಶೀಶೆ ಕೊಂಡು ತಂದಳು. ಸೀಟಿ ಇನ್ನೂ ಶಾಲೆಯಿಂದ ಬಂದಿರಲಿಲ್ಲ. ಹತ್ತಿಗೆ ಒಂದು ತೊಟ್ಟು ಬಿಟ್ಟು ಮೂಗಿಗೆ ಹಿಡಿದಳು. ಏನೂ ಇಲ್ಲ. ತನ್ನ ಮೂಗಿನ ಗತಿ ಅವಳಿಗೆ ಗೊತ್ತಿಲ್ಲವೆಂದಲ್ಲ, ಆದರೂ ಅಷ್ಟು ವರ್ಷದ ಮೇಲೆ ಒಂದು ಆಸೆ. ಗಟ್ಟಿ ವಾಸನೆಯಾದರೆ ನನಗೂ ಒಂಚೂರು ತಾಕೀತೇನೋ ಎಂದು ಇನ್ನೊಂದು ತೊಟ್ಟು, ಮತ್ತೊಂದು. ದಿಂಬಿಗೂ ಹಾಕಿದಳು, ಪರದೆಯ ಅಂಚಿಗೂ ಸವರಿದಳು. ಮನೆಯೆಲ್ಲ ಹೂವಿನ ತೋಟವಾಗಿದೆ ಎಂದುಕೊಂಡು, ಏನೂ ಅರಿವಾಗದೆ, ಬಾಗಿಲು ನೋಡುತ್ತ ಕೂತಳು.

ಸೀಟಿ ಒಳಗೆ ಕಾಲಿಟ್ಟವಳೇ ಕಣ್ಣು ಉಜ್ಜಿಕೊಂಡಳು. "ಅಮ್ಮಾ, ಏನಿದು? ಉರೀತಿದೆ..." ಎನ್ನುವಷ್ಟರಲ್ಲಿ ಕೆಮ್ಮು ಹಿಡಿಯಿತು. ಬಿಡಲಿಲ್ಲ. ತಾಯಿ ಮಗಳನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಟ್ಯಾಕ್ಸಿ ನಿಲ್ಲಿಸಿದಳು. ಡ್ರೈವರು ಮೂಗಿಗೆ ಕರವಸ್ತ್ರ ಹಿಡಿದು, "ಏನ್ರೀ, ಸೆಂಟಿನ ಬಾಟ್ಲಿ ಒಡ್ಕೊಂಡ್ರಾ?" ಎಂದ. ಆಗ ಅವಳಿಗೆ ತಾನು ಮಾಡಿದ್ದು ಏನೆಂದು ತಿಳಿಯಿತು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು, ಸೂಜಿ ಚುಚ್ಚಿ, ಮಗಳ ಉಸಿರು ಹದಕ್ಕೆ ಬಂದ ಮೇಲೆ ಡಾಕ್ಟರು ತಾಯಿಯನ್ನು ಪಕ್ಕಕ್ಕೆ ಕರೆದರು.

"ಎಷ್ಟು ಹಾಕಿದ್ರಿ?"

"ಗೊತ್ತಾಗ್ಲಿಲ್ಲ ಡಾಕ್ಟ್ರೇ."

"ಗೊತ್ತಾಗ್ಲಿಲ್ಲ ಅಂದ್ರೆ? ನಿಮ್ ಬಟ್ಟೆ ಇಷ್ಟು ದೂರಕ್ಕೆ ಹೊಡೀತಿದೆ!"

"ನಂಗೆ ವಾಸನೆ ಬರಲ್ಲ" ಎಂದಳು ಟೈಲರಮ್ಮ. ಬಾಯಿಬಿಟ್ಟು ಅದನ್ನು ಯಾರಿಗಾದರೂ ಹೇಳಿದ್ದು ಅದೇ ಮೊದಲು. "ಇವಳಿಗೆ ಆ ಜ್ವರ ಬಂತಲ್ಲ, ಆಗಿಂದ."

ಡಾಕ್ಟರು ಬೈಯಬೇಕೆಂದಿದ್ದವರು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಅವಳೆದುರು ಕೂತರು. ಕಡು ವಾಸನೆ ಈ ಮಗುವಿನ ಎದೆಗೆ ಶತ್ರು, ಎಣ್ಣೆ ಮೈಗೂ ಬೇಡ, ದಿಂಬಿಗೂ ಬೇಡ, ಯಂತ್ರಕ್ಕಂತೂ ಯಾವ ಕಾಲಕ್ಕೂ ಬೇಡ ಎಂದು ಬಿಡಿಸಿ ಹೇಳಿದರು. ಆಮೇಲೆ, "ಮಗು ಚೇತರಿಸ್ಕೊಂಡ ಮೇಲೆ, ಅವಳಿಗೇ ಬೇಕು ಅನ್ಸಿದ್ರೆ, ಮುಚ್ಚಳ ಇರೋ ಡಬ್ಬೀಲಿ ಸ್ವಲ್ಪವೇ ಇಟ್ಟು ನೋಡಿ. ತೆಗೆಯೋದೂ ಅವಳು, ಮುಚ್ಚೋದೂ ಅವಳು. ಮೂಗು ಮಗಳದು, ತೊಟ್ಟು ಹಾಕೋ ಕೈ ನಿಮ್ದು. ಕೆಮ್ಮು ಬಂತೋ, ಅಲ್ಲಿಗೆ ನಿಲ್ಸಿ" ಎಂದರು.

ಮನೆಗೆ ಬಂದ ಮೇಲೆ ಪರದೆ ಕಿತ್ತು ಒಗೆದಳು, ದಿಂಬು ಎಸೆದಳು. ಆಸ್ಪತ್ರೆಯಲ್ಲಿ ಆಡಿದ ಮಾತು ಮಗಳ ಕಿವಿಗೂ ಬಿದ್ದಿತ್ತು, ಅವಳು ನೋಡುತ್ತಲೇ ಇದ್ದಳು. ಕಡೆಗೆ ಕೇಳಿದಳು: "ನಿಂಗೆ ನಿಜವಾಗ್ಲೂ ಏನೂ ಬರಲ್ವಾ? ನನ್ ಸಾಕ್ಸು ಕೂಡಾ?"

"ನಿನ್ ಸಾಕ್ಸು ಕೂಡಾ."

"ನೀನೇ ಪುಣ್ಯವಂತೆ ಬಿಡು" ಎಂದಳು ಸೀಟಿ. ಬಹಳ ದಿನದ ಮೇಲೆ ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕರು.

ಲ್ಯಾವೆಂಡರ್ ಸೀಟಿಗೆ ಬೇಡವಾಯಿತು, ಆಸ್ಪತ್ರೆ ನೆನಪಾಗುತ್ತದೆ ಎಂದಳು. ಆರಿಸಿಕೊಂಡದ್ದು ಕಿತ್ತಳೆ ಎಣ್ಣೆ. ಒಂದು ತೊಟ್ಟು ಹತ್ತಿ, ಮುಲಾಮಿನ ಹಳೆಯ ಡಬ್ಬಿ. ಕಿಟಕಿ ತೆರೆದಿಟ್ಟು, ಸಂಜೆ ಮಾಸ್ಕ್ ಹಾಕುವ ಮುಂಚೆ ಡಬ್ಬಿಯನ್ನು ಮಗಳ ಕೈಗೆ ಕೊಡುವಳು. ಮುಚ್ಚಳ ಓರೆ ಮಾಡಿ ಸೀಟಿ ಮೂಸುವಳು. "ಹೆಂಗಿದೆ?" ಎಂದು ತಾಯಿ ಕೇಳುವಳು. ಸುಮ್ಮನೆ ಆಡಿಸಲೆಂದು ಕೇಳುತ್ತಿದ್ದುದಲ್ಲ ಅದು, ಅವಳಿಗೆ ನಿಜವಾಗಿಯೂ ತಿಳಿದುಕೊಳ್ಳುವ ಆಸೆ. ಇನ್ನೊಬ್ಬರಿಗೆ ಹೇಳಬೇಕೆಂದರೆ ಮಗು ಚೆನ್ನಾಗಿ ಮೂಸಬೇಕು, ಚೆನ್ನಾಗಿ ಮೂಸಬೇಕೆಂದರೆ ನಿಧಾನವಾಗಿ ಎಳೆದುಕೊಳ್ಳಬೇಕು. ಮಾತು ಹುಡುಕುತ್ತ ಹುಡುಕುತ್ತ ಭುಜ ಇಳಿಯುವುದು, ಬಿಗಿದ ಬೆರಳು ಸಡಿಲವಾಗುವುದು. ಆಗ ಮಾಸ್ಕ್ ಹಾಕಿದರೆ ತಕರಾರಿಲ್ಲ. ಕಾಯಿಲೆ ಇದ್ದಷ್ಟೇ ಇತ್ತು, ಕೆಮ್ಮು ಇದ್ದಷ್ಟೇ ಇತ್ತು. ಹೆದರಿಕೆ ಮಾತ್ರ ಒಂದು ಮೆಟ್ಟಿಲು ಕೆಳಗಿಳಿದಿತ್ತು.

"ಹಳದಿ ಬಣ್ಣದ ಸ್ವೆಟರ್ ಇಸ್ತ್ರಿ ಮಾಡಿದಂಗಿದೆ" ಎನ್ನುವಳು ಒಂದು ದಿನ. "ಇವತ್ತು ಜಗಳ ಆಡಿ ರಾಜಿ ಆದಂಗಿದೆ" ಎನ್ನುವಳು ಇನ್ನೊಂದು ದಿನ. ತಾಯಿ ಆ ಮಾತುಗಳನ್ನು ನೆಲಮಾಳಿಗೆಗೆ ಕೊಂಡೊಯ್ದು, ಚಾದರ ಮಡಿಸುತ್ತ ಒಂದೊಂದನ್ನೇ ಮೆಲುಕು ಹಾಕುವಳು.

ಒಂದು ಸಂಜೆ ಸೀಟಿ ಬಹಳ ಹೊತ್ತು ಮೂಸಿದಳು. "ಎಲ್ರೂ ಆಟಕ್ಕೆ ಹೋದ್ಮೇಲೆ ಕ್ಲಾಸ್ ರೂಮ್ ಖಾಲಿ ಇರುತ್ತಲ್ಲ, ಹಂಗಿದೆ."

ತಾಯಿಯ ಕೈ ಮಾಸ್ಕಿನ ಮೇಲೆಯೇ ನಿಂತಿತು. "ನೀನು ಆಗ ಅಲ್ಲೇ ಇರ್ತೀಯಾ?"

"ಹೂಂ. ಮಿಸ್ಸು ನಂಗೆ ಕಿಟಕಿ ಹತ್ರ ಬೇರೆ ಬೆಂಚು ಕೊಟ್ಟಿದಾರೆ. ನನ್ ಕೆಮ್ಮು ಅಂಟುತ್ತೆ ಅಂತ ಯಾರದೋ ಅಮ್ಮ ಹೇಳಿದ್ರಂತೆ. ಪರ್ವಾಗಿಲ್ಲ, ಗಾಳಿ ಚೆನ್ನಾಗಿ ಬರುತ್ತೆ."

ಮರುದಿನ ಟೈಲರಮ್ಮ ಅರ್ಧ ದಿನದ ರಜೆ ಹಾಕಿ ಶಾಲೆಗೆ ಹೋದಳು. ಟೀಚರು ಇನ್ನೂ ಚಿಕ್ಕ ವಯಸ್ಸಿನವರು, ತಬ್ಬಿಬ್ಬಾದರು. "ಅವಳ ಕೆಮ್ಮು ಯಾರಿಗೂ ಅಂಟಲ್ಲ ಮೇಡಂ. ಉಳಿದೋರ ನೆಗಡಿ ಅವಳಿಗೆ ಅಂಟಬಾರ್ದು ಅಂತ ನಾನು ಹೆದರ್ಬೇಕು, ನನ್ ಮಗಳಿಗೆ ನೀವು ಹೆದರ್ಬೇಕಾಗಿಲ್ಲ" ಎಂದಳು ತಾಯಿ. ಟೀಚರು ಬೆಂಚು ಬದಲಾಯಿಸಿದರು, ತರಗತಿಯಲ್ಲಿ ಎಲ್ಲರಿಗೂ ತಿಳಿಸಿ ಹೇಳಿದರು. ಪಕ್ಕದಲ್ಲಿ ಕೂರಲು ಒಬ್ಬಳು ಒಪ್ಪಿದಳು, ಆದರೆ ಅವಳು ಸ್ನೇಹಿತೆಯಾಗಲಿಲ್ಲ. ಬೆಂಚನ್ನು ಜರುಗಿಸಿದಷ್ಟು ಸುಲಭವಲ್ಲ ಅದು.

ಹೀಗೇ ನಡೆಯುತ್ತಿರುವಾಗ ಒಮ್ಮೆ ಮಗಳು ಕೇಳಿದಳು: "ಅಮ್ಮ, ಬರ್ತಿದ್ದಾಗ ನಿಂಗೆ ಯಾವ ವಾಸನೆ ಇಷ್ಟ ಇತ್ತು?"

ಟೈಲರಮ್ಮನಿಗೆ ಹುಡುಕಬೇಕಾಗಿರಲಿಲ್ಲ. "ನಿನ್ ತಲೆದು. ಸ್ನಾನ ಮಾಡ್ಸಿ ಒರೆಸಿದ್ಮೇಲೆ."

"ಹೆಂಗಿತ್ತು?"

ಅವಳಿಗೆ ಇಷ್ಟವಿತ್ತು ಎನ್ನುವುದು ನೆನಪಿತ್ತು, ವಾಸನೆ ನೆನಪಿರಲಿಲ್ಲ. ಸೀಟಿ ಎದ್ದು ಬಂದು ತಲೆ ಬಗ್ಗಿಸಿ ಅಮ್ಮನ ಮೂಗಿಗೆ ಒತ್ತಿದಳು. "ಮೂಸು. ಗಟ್ಟಿಯಾಗಿ."

ಟೈಲರಮ್ಮ ಎಳೆದುಕೊಂಡಳು. ಕೂದಲು ತಣ್ಣಗೆ ಮೂಗಿಗೆ ತಾಗಿತು, ಅಷ್ಟೇ. ಸುಳ್ಳು ಹೇಳಬಹುದಿತ್ತು. "ಬರ್ಲಿಲ್ಲ ಮಗಳೇ" ಎಂದಳು.

ಸೀಟಿ ಜಡೆಯ ತುದಿಯನ್ನು ತನ್ನ ಮೂಗಿಗೆ ಹಿಡಿದು ನೋಡಿದಳು. "ನಂಗೂ ಗೊತ್ತಾಗ್ತಿಲ್ಲ. ನಮ್ದೇ ವಾಸನೆ ನಮಗೆ ಗೊತ್ತಾಗಲ್ವಂತೆ." ಜಡೆಯನ್ನು ಬೆನ್ನ ಮೇಲೆ ಬಿಟ್ಟು, "ಹಂಗಾದ್ರೆ ಅದು ಯಾರಿಗೂ ಗೊತ್ತಿಲ್ಲ, ಅಲ್ವಾ?" ಎಂದಳು. ಹೌದು, ಆ ಮನೆಯಲ್ಲಿ ಗೊತ್ತಿದ್ದವರು ಯಾರೂ ಇರಲಿಲ್ಲ. ತಾಯಿ ಮಗಳನ್ನು ದಿಂಬಿನ ಮೇಲೆ ಮಲಗಿಸಿ ಬೆನ್ನು ತಟ್ಟತೊಡಗಿದಳು.

ಸೀಟಿ ಬೆಳೆದಳು. ಜ್ವರಗಳ ನಡುವಿನ ಅಂತರ ಹೆಚ್ಚಿತು. ಹೈಸ್ಕೂಲಿಗೆ ಬಂದ ಮೇಲೆ ಆಸ್ಪತ್ರೆಯವರು ಊದಿ ಕಫ ಬಿಡಿಸಿಕೊಳ್ಳುವ ಸಣ್ಣ ಸಾಧನವೊಂದನ್ನು ಕೊಟ್ಟು, ತನ್ನ ಆರೈಕೆಯನ್ನು ತಾನೇ ಮಾಡಿಕೊಳ್ಳಲು ಕಲಿಸಿದರು. ಕಿತ್ತಳೆಯ ಡಬ್ಬಿ ಯಾವಾಗ ನಿಂತಿತು ಎಂದು ಇಬ್ಬರಿಗೂ ತಿಳಿಯಲಿಲ್ಲ. ಇಂಥವು ಹೇಳಿ ಕೇಳಿ ನಿಲ್ಲುವುದಿಲ್ಲ. ಸಂಜೆ ಆಯಿತೆಂದರೆ ಮಗಳು ಕಿವಿಗೆ ಹಾಡು ಸಿಕ್ಕಿಸಿಕೊಂಡು ತನ್ನ ಕೋಣೆಯ ಬಾಗಿಲು ಮುಚ್ಚುವಳು. "ಹೆಂಗಿದೆ?" ಎಂದು ಹೊರಗಿನಿಂದ ಕೇಳಿದರೆ "ಸರಿ ಇದೀನಮ್ಮ" ಎಂಬ ಉತ್ತರ. ಮಗಳಿಗೆ ಉಸಿರು ಸಿಕ್ಕಿತಲ್ಲ, ಇದಕ್ಕಿಂತ ಇನ್ನೇನು ಬೇಕು ಎಂದು ಟೈಲರಮ್ಮ ತನಗೆ ತಾನೇ ಹೇಳಿಕೊಳ್ಳುವಳು. ಹೇಳಿಕೊಂಡು, ಬರಿದಾದ ಅಂಗೈಗಳನ್ನು ಮಡಿಲಲ್ಲಿಟ್ಟು ಕೂರುವಳು.

ಆ ವರ್ಷ ಸೀಟಿ ಮೊದಲ ಬಾರಿಗೆ ಶಾಲೆಯ ಪ್ರವಾಸಕ್ಕೆ ಹೋದಳು. ಡಾಕ್ಟರು ಒಪ್ಪಿದರು, ಔಷಧದ ಚೀಲವನ್ನು ತಾನೇ ಜೋಡಿಸಿಕೊಂಡಳು. ಬಸ್ಸಿನ ಕಿಟಕಿಯಿಂದ ಕೈ ಬೀಸಿದಳು, ಆಮೇಲೆ ಪಕ್ಕದ ಹುಡುಗಿ ಏನೋ ಹೇಳಿದ್ದಕ್ಕೆ ತಿರುಗಿ ನಗತೊಡಗಿದಳು. ಆ ನಗುವನ್ನು ತಾಯಿ ಕಣ್ತುಂಬ ನೋಡಿದಳು.

ಕೆಲಸ ಮುಗಿಸಿ ಬಂದಾಗ ಮನೆಯಲ್ಲಿ ಸದ್ದಿರಲಿಲ್ಲ. ಕೆಮ್ಮಿಲ್ಲದ ಮನೆ ಹೇಗಿರುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಅಡುಗೆ ಮಾಡಲು ಮನಸ್ಸಾಗದೆ ಚಹಾ ಕಾಸಿಕೊಂಡಳು. ಅವಳಿಗೆ ಅದು ಬರೀ ಬಿಸಿ, ಬರೀ ಸಿಹಿ. ಆಗ ಯಾರೋ ಬಾಗಿಲು ತಟ್ಟಿದರು. ಮೇಲಿನ ಮನೆಯಲ್ಲಿ ಒಂಟಿಯಾಗಿರುವ ಮುದುಕರು, ಅಂಚೆ ಹಂಚುವ ಕೆಲಸದಿಂದ ನಿವೃತ್ತರಾದವರು. ಮೆಟ್ಟಿಲಲ್ಲಿ ಎದುರಾದಾಗ ತಲೆಯಾಡಿಸುವುದು ಬಿಟ್ಟರೆ ಇಷ್ಟು ವರ್ಷದಲ್ಲಿ ಮಾತು ಬೆಳೆದಿರಲಿಲ್ಲ. ಕೆಮ್ಮಿನ ಕಾಟಕ್ಕೆ ಬೇಸತ್ತವರೆಂದೇ ಟೈಲರಮ್ಮ ತಿಳಿದಿದ್ದಳು.

"ಏನಿಲ್ಲ" ಎಂದರು ಅವರು, ಮೆಟ್ಟಿಲ ಕಂಬಿ ಹಿಡಿದುಕೊಂಡು. "ಈ ಹೊತ್ತಿಗೆ ಮಗು ಕೆಮ್ಮೋದು ಕೇಳ್ಸುತ್ತೆ, ಆಮೇಲೆ ನಿಲ್ಲುತ್ತೆ. ನಿಂತ್ಮೇಲೆ ನಾನು ಊಟಕ್ಕೆ ಕೂರ್ತೀನಿ. ಇವತ್ತು ಕೇಳ್ಸಲೇ ಇಲ್ಲ. ಎಲ್ಲಾ ಸರಿ ಇದೆಯೇನಮ್ಮಾ?"

"ಚೆನ್ನಾಗಿದಾಳೆ. ಪ್ರವಾಸಕ್ಕೆ ಹೋಗಿದಾಳೆ" ಎಂದಳು ಟೈಲರಮ್ಮ. "ಒಳಗೆ ಬನ್ನಿ, ಚಹಾ ಇದೆ."

"ಬೇಡ ಬೇಡ, ಕೇಳ್ಕೊಂಡು ಹೋಗೋಣ ಅಂತ ಬಂದೆ ಅಷ್ಟೇ" ಎಂದು ಅವರು ಹಿಂದಿರುಗಿದರು. ಮಂಡಿನೋವಿನ ಕಾಲು, ಒಂದೊಂದೇ ಮೆಟ್ಟಿಲು. ಟೈಲರಮ್ಮ ಬಾಗಿಲು ಹಾಕದೆ ನಿಂತಳು. ಮೇಲೆ ಬೀಗ ತೆಗೆದ ಸದ್ದಾಯಿತು, ಕುರ್ಚಿ ಎಳೆದ ಸದ್ದಾಯಿತು, ತಟ್ಟೆ ಇಟ್ಟ ಸದ್ದಾಯಿತು. ಆಮೇಲೆ ಅವಳೂ ಒಳಗೆ ಹೋಗಿ ಅಕ್ಕಿ ತೊಳೆದು ಒಲೆ ಹಚ್ಚಿದಳು.