ಕೇಬಲ್ಲಿನ ಬಾಯಿಗೆ ಅಂಟಿದ ಕುಂಕುಮ

ಈ ಪ್ರಸಂಗವನ್ನು ನಾನು ಹಲವರಿಗೆ ನಗಿಸಲೆಂದೇ ಹೇಳಿದ್ದೇನೆ. ಆಯುಧಪೂಜೆಯಲ್ಲಿ ಒಬ್ಬ ಹೆಂಗಸು ಕಂಪ್ಯೂಟರಿನ ಕೇಬಲ್ ತೂತಿಗೆ ಕುಂಕುಮ ಮೆತ್ತಿದಳು, ಇಂಟರ್‌ನೆಟ್ ನಿಂತುಹೋಯಿತು, ನಾನು ಹೋಗಿ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಸರಿಮಾಡಿದೆ. ಮಂಡ್ಯದಲ್ಲಿ ರೈಲು ಹತ್ತಿ ಶುರುಮಾಡಿದರೆ ಮುಂದಿನ ನಿಲ್ದಾಣ ಹನಕೆರೆ ಬರುವಷ್ಟರಲ್ಲಿ ಮುಗಿಯುವ ಕಥೆ. ಹೇಳಿ ಹೇಳಿ ನುಣ್ಣಗಾಗಿದೆ. ನುಣ್ಣಗಾಗಿದೆ ಎಂಬುದಕ್ಕೇ ನನಗೆ ಅದರ ಮೇಲೆ ಸಿಟ್ಟು.

ನಡೆದದ್ದು ಮಳವಳ್ಳಿಯ ಒಂದು ಮಣ್ಣು ಪರೀಕ್ಷಾ ಕೇಂದ್ರದಲ್ಲಿ. ರೈತರು ಚೀಲದಲ್ಲಿ ತಂದ ಮಣ್ಣನ್ನು ಆ ಹೆಂಗಸು, ಅಲ್ಲಿ ಎಲ್ಲರೂ ಕರೆಯುತ್ತಿದ್ದಂತೆ ಆಯಮ್ಮ, ಹಳೆಯ ಪೇಪರಿನ ಮೇಲೆ ನೆರಳಲ್ಲಿ ಒಣಗಿಸಿ, ಹೆಂಟೆ ಕುಟ್ಟಿ, ಜರಡಿ ಹಿಡಿಯುತ್ತಿದ್ದರು. ಗುಡಿಸುವುದೂ ಅವರೇ. ದಿನಗೂಲಿ, ಬರಬೇಡ ಎಂದರೆ ಮಾರನೆಯ ದಿನ ಕೆಲಸವಿಲ್ಲ. ಮದ್ದೂರು, ಮಳವಳ್ಳಿ ಎರಡೂ ಕಡೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ನಾನು. ಅವಕ್ಕೆ ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಹಾಕಿದವನೂ ನಾನೇ. ಇದರಲ್ಲಿ ಮುಚ್ಚುಮರೆ ಇಲ್ಲ, ಯಾರು ಬೇಕಾದರೂ ಬಿಚ್ಚಿ ನೋಡಬಹುದು ಎಂದು ಭಾಷಣ ಬಿಗಿದವನೂ ನಾನೇ.

ಹಬ್ಬ ಕಳೆದ ಸೋಮವಾರ ಕೇಂದ್ರದ ಕಾರ್ಯದರ್ಶಿ ಫೋನ್ ಮಾಡಿದ.

"ನೆಟ್ಟು ಸತ್ತೋಗದೆ ಸಾರ್. ರೈತ್ರು ರಿಪೋಲ್ಟು ಕೊಡಿ ಅಂತ ಬಂದು ಕುಂತವ್ರೆ. ನನ್ ಮೊಬೈಲ್ ಹಾಟ್‌ಸ್ಪಾಟ್ ಕೊಟ್ರೆ ಸೇರ್ಕತ್ತದೆ, ಪೇಜು ಮಾತ್ರ ತೆಗಿಯಾಕಿಲ್ಲ."

ಈ ಕೊನೆಯ ಮಾತಿನಲ್ಲೇ ಎಲ್ಲವೂ ಇತ್ತು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೋಗಿ ನೋಡಿದರೆ ತಕ್ಕಡಿಗೆ, ಜರಡಿಗೆ, ಕುಟ್ಟುವ ಕಲ್ಲಿಗೆ, ಪ್ರಿಂಟರಿಗೆ, ಎಲ್ಲಕ್ಕೂ ಅರಿಸಿನ ಕುಂಕುಮ. ಕಂಪ್ಯೂಟರಿನ ಬೆನ್ನಿಗೆ ಕೇಬಲ್ ಸಿಕ್ಕಿಸುವ ಜಾಗವೂ ಕೆಂಪಗೆ. ಕೇಬಲ್ ಕಿತ್ತೆ. ಒಳಗೂ ಒಂದು ಚಿಟಿಕೆ.

ನಗಿಸುವ ಕಥೆಯಲ್ಲಿ ನಾನು ಇಲ್ಲಿ "ಏನಮ್ಮಾ ಇದು?" ಎಂದು ಮೆಲ್ಲಗೆ ಕೇಳುತ್ತೇನೆ. ಸುಳ್ಳು. "ಬುದ್ಧಿ ಇದೆಯಾ ನಿನಗೆ?" ಎಂದು ಕಿರುಚಿದೆ. ನನ್ನ ತಾಯಿಯ ವಯಸ್ಸಿನವರನ್ನು, ಬೆಂಚಿನ ಮೇಲೆ ಕೂತ ಆರು ಜನ ರೈತರ ಮುಂದೆ, ಏಕವಚನದಲ್ಲಿ.

"ಪೂಜೆ ಅಂದ್ಮೇಲೆ ಎಲ್ಲಾದ್ಕೂ ಇಕ್ಬೇಕಲ್ವಾ ಸಾ," ಎಂದರು ಆಯಮ್ಮ. "ಒಂದ್ಕೆ ಇಕ್ಕಿ ಒಂದ್ಕೆ ಬುಟ್ರೆ ಅದು ಏನಂದ್ಕಂಡಾತು?"

ಬೆಂಚಿನ ತುದಿಯ ಮುದುಕ ಪಕ್ಕದವನನ್ನು ತಿವಿದ. "ಕಂಪ್ಯೂಟ್ರುನೂ ಮುತ್ತೈದೆ ಮಾಡ್ಬುಟ್ಟವ್ಳೆ ಕಣ್ಲಾ!"

ಬೆಂಚೆಲ್ಲ ಗೊಳ್ಳೆಂದಿತು. ಕಾರ್ಯದರ್ಶಿ ನಗಲಿಲ್ಲ. "ನಾಳೆಯಿಂದ ಬರ್ಬ್ಯಾಡ ಓಗಮ್ಮ ನೀನು," ಎಂದ.

ಆಯಮ್ಮ ಜರಡಿಯನ್ನು ಗೋಡೆಗೆ ಒರಗಿಸಿ, ಸೆರಗಿಗೆ ಕೈ ಒರಸಿಕೊಂಡು ಹೊರಟರು. ನನಗೆ ನೆನಪಿರುವುದು ಹಾಗೆ. ಜರಡಿ ಬಿಸಾಡಿ ಹೋಗಿದ್ದರೂ ಹೋಗಿರಬಹುದು. ಬಿಸಾಡಿರಲಿ ಎಂದು ಈಗ ನನ್ನಾಸೆ.

ಉಜ್ಜಿದೆ, ಕೇಬಲ್ ಸಿಕ್ಕಿಸಿದೆ, ದೀಪ ಮಿನುಗಿತು. ನೆಟ್ ಬರಲಿಲ್ಲ.

ಆಮೇಲೆ ಸೆಟ್ಟಿಂಗ್ ತೆರೆದೆ. ಅಲ್ಲಿ ನನ್ನದೇ ಕೈಬರಹ. ಹಿಂದೊಮ್ಮೆ ತಂತಿಯ ಸಂಪರ್ಕಕ್ಕೆ ವಿಳಾಸವನ್ನು, ರೂಟರಿನ ವಿಳಾಸವನ್ನು ನಾನೇ ತುಂಬಿ, ಯಂತ್ರ ತಾನಾಗಿ ಹುಡುಕಿಕೊಳ್ಳದಂತೆ ಮಾಡಿದ್ದೆ. ತಂತಿಗೆ ಜೀವ ಇರುವವರೆಗೆ ವೈಫೈ ಸೇರಿದರೂ ಆ ದಾರಿ ಹಿಡಿಯಬೇಡ ಎಂದೂ ಹೇಳಿಟ್ಟಿದ್ದೆ. ಹಬ್ಬದ ರಜೆಯಲ್ಲಿ ಕೇಬಲ್‌ನವರು ರೂಟರ್ ಬದಲಾಯಿಸಿ ಹೋಗಿದ್ದರು. ಹೊಸ ಡಬ್ಬಿಯ ವಿಳಾಸ ಬೇರೆ. ಕಂಪ್ಯೂಟರು ನಾನು ಹೇಳಿಕೊಟ್ಟ ಹಳೆಯ ಬಾಗಿಲನ್ನೇ ತಟ್ಟುತ್ತಿತ್ತು. ಕುಂಕುಮದಿಂದ ತಂತಿ ಕೆಟ್ಟಿದ್ದರೆ ಹಾಟ್‌ಸ್ಪಾಟಿನಲ್ಲಿ ಕೆಲಸ ನಡೆದೇ ನಡೆಯುತ್ತಿತ್ತು. ನಡೆಯಲಿಲ್ಲ, ಏಕೆಂದರೆ ತಂತಿ ಚೆನ್ನಾಗಿಯೇ ಇತ್ತು.

ವಿಳಾಸವನ್ನು ತಾನೇ ಪಡೆದುಕೊಳ್ಳಲಿ ಎಂದು ಬದಲಿಸಿದೆ. ಪುಟ ತೆರೆಯಿತು.

"ನೋಡುದ್ರಾ, ಕುಂಕುಮ ತೆಗುದ್ರೆ ಬಂತು," ಎಂದ ಕಾರ್ಯದರ್ಶಿ.

ನಾನು "ಹೂಂ" ಎಂದೆ. ಆಯಮ್ಮ ಅಷ್ಟು ಹೊತ್ತಿಗೆ ಬಸ್ ನಿಲ್ದಾಣದವರೆಗೂ ಹೋಗಿರಲಾರರು. ಕೂಗಿದ್ದರೆ ಕೇಳುತ್ತಿತ್ತು. ಹೂಂ ಎಂದೆ, ಬಂದ ಟೀ ಕುಡಿದೆ.

ತಿಂಗಳ ನಂತರ ಅದೇ ಯಂತ್ರದ ಮುಂದೆ ಮತ್ತೆ ಕೂತಾಗ, ಕಥೆ ಹೇಳಿ ಹೇಳಿ, ನನ್ನ ತಲೆಯಲ್ಲಿ ಕುಂಕುಮವೇ ಅಪರಾಧಿ. ನಾನು ಸೆಟ್ಟಿಂಗ್ ಬದಲಿಸಿದ್ದೇ ಮಸುಕು. ಅನುಮಾನ ಬಂದು ಲಾಗ್ ತೆಗೆದೆ. ಯಂತ್ರ ಪ್ರತಿ ಕ್ಷಣವನ್ನೂ ಬರೆದಿಟ್ಟುಕೊಂಡಿತ್ತು. ಹಬ್ಬ ಕಳೆದು ಯಂತ್ರ ಹಚ್ಚಿದಾಗಲೇ ತಂತಿಗೆ ಜೀವ ಇತ್ತು, ಸಂಪರ್ಕ ಕಡಿದದ್ದು ಒಂದೇ ಸಲ: ನಾನು ಬಂದು ಕಿತ್ತಾಗ. ಪ್ರಿಂಟ್ ತೆಗೆದು ಕಾರ್ಯದರ್ಶಿಯ ಮುಂದೆ ಬಡಿದೆ. "ತಪ್ಪು ನನ್ನದು. ಆಯಮ್ಮನ್ನ ವಾಪಸ್ ಕರೀರಿ."

"ಅಯ್ಯೋ, ಬುಡಿ ಸಾರ್. ಬ್ಯಾರೆಯವ್ಳು ಬತ್ತಾವ್ಳೆ. ಅವತ್ತೇ ಯಾಕ್ ಯೋಳ್ನಿಲ್ಲ ನೀವು?"

ಅವನ ಮೇಲೆ ಉರಿದುಬಿದ್ದೆ. ಅವನು ಕೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ಉರಿಯಿತು.

ಆಯಮ್ಮ ಮದ್ದೂರು ರಸ್ತೆಯ ಒಂದು ಗದ್ದೆಯಲ್ಲಿ ಕಬ್ಬಿನ ಒಣ ಗರಿ ಸುಲಿಯುತ್ತಿದ್ದರು. ಕಾಗದ ಚಾಚಿ, ವೈರು, ರೂಟರು ಎಂದು ಏನೇನೋ ತೊದಲಿದೆ. ಅವರು ಕೈ ನಿಲ್ಲಿಸಲಿಲ್ಲ.

"ನಂಗ್ಯಾಕ್ ಕೊಟ್ಟಿಯೆ ಇದ? ನಾನ್ ಕೆಡ್ಸಿಲ್ಲ ಅಂತ ನಂಗೊತ್ತು. ಬೆಂಚ್ ಮ್ಯಾಲ್ ಕುಂತ್ಕಂಡ್ ನಗಾಡುದ್ರಲ್ಲ, ಅವ್ರಿಗ್ ಯೋಳೋಗು."

ಏಕವಚನ ನನಗೆ ವಾಪಸ್ ಬಂದಿತ್ತು.

ಆ ದಿನ ರಿಪೋರ್ಟ್ ಪಡೆದವರ ಹೆಸರು, ಊರು ಕಂಪ್ಯೂಟರಿನಲ್ಲೇ ಇದ್ದವು. ಇಬ್ಬರನ್ನು ಹುಡುಕಿದ್ದೇನೆ. ಮೊದಲನೆಯವನಿಗೆ ಏನೂ ನೆನಪಿರಲಿಲ್ಲ. ಎರಡನೆಯವನು ಆ ಮುದುಕ. ನಾನು ಬಾಯಿ ತೆರೆಯುವ ಮುಂಚೆಯೇ, "ಓ, ಆ ಮುತ್ತೈದೆ ಕಂಪ್ಯೂಟ್ರಾ!" ಎಂದು ತೊಡೆ ತಟ್ಟಿ ನಕ್ಕ. ತಪ್ಪು ನನ್ನದು ಎಂದೆ. ಎರಡು ಸಲ ಎಂದೆ. "ಯಾರ್ದಾದ್ರೇನಪ್ಪ, ನೆಟ್ಟು ಬಂತಲ್ಲ," ಎಂದು ಮತ್ತೆ ನಕ್ಕ. ಆ ನಗುವನ್ನು ಊರೂರಿಗೆ ಹಂಚಿದವನು ನಾನೇ ಆಗಿದ್ದರಿಂದ ಅವನಿಗೆ ಬೈಯಲೂ ಬಾಯಿ ಬರಲಿಲ್ಲ.

ಇನ್ನೂ ನಾಲ್ವರು ಉಳಿದಿದ್ದಾರೆ.