ಮೌಶಿಯ ಅವಲಕ್ಕಿ ತಟ್ಟೆ

ಹೋದ ವಾರ ಪಕ್ಕದ ವಿಲ್ಲಾದವರು ರಜೆಗೆ ಊರಿಗೆ ಹೊರಡುವಾಗ ಒಂದು ಕುಂಡವನ್ನು ನನ್ನ ಕೈಗೆ ಕೊಟ್ಟು, ನೀರು ಹಾಕಿ ನೋಡಿಕೊಳ್ಳಿ ಎಂದರು. ಕಾಮಕಸ್ತೂರಿ. ಅಬುಧಾಬಿಯ ಬಿಸಿಲಿಗೆ ಎಲೆಗಳೆಲ್ಲ ಜೋತುಬಿದ್ದಿದ್ದವು. ಕುಂಡ ಇಳಿಸುವಾಗ ಒಂದು ಕುಡಿ ಮುರಿದು ಬೆರಳಿಗೆ ಹತ್ತಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ದುಬೈನ ಇಂಟರ್‌ನ್ಯಾಷನಲ್ ಸಿಟಿಯಲ್ಲಿ, ಎದುರು ಮನೆಯ ಮೌಶಿಯ ಅಡುಗೆಮನೆಯಲ್ಲಿ ನಿಂತುಬಿಟ್ಟಿದ್ದೆ. ಒಲೆಯ ಮೇಲೆ ಹಾಲು ಇಟ್ಟಿದ್ದೂ ಮರೆತುಹೋಯಿತು. ಉಕ್ಕಿದ ಹಾಲನ್ನು ಒರೆಸುತ್ತಾ ಅವರನ್ನೇ ನೆನೆಯುತ್ತಿದ್ದೆ...

ಮದುವೆಯಾದ ಹೊಸದರಲ್ಲಿ, 2010ರ ದಶಕದ ಮೊದಲ ವರ್ಷಗಳಲ್ಲಿ, ನಾವು ಇದ್ದದ್ದು ಅಲ್ಲಿಯ ಫ್ರಾನ್ಸ್ ಕ್ಲಸ್ಟರಿನಲ್ಲಿ. ಅಲ್ಲಿ ಬಿಲ್ಡಿಂಗುಗಳ ಗುಂಪಿಗೆ ಒಂದೊಂದು ದೇಶದ ಹೆಸರು. ಧಾರವಾಡದಲ್ಲಿ ನಮ್ಮತ್ತೆ ಓಣಿಯವರಿಗೆಲ್ಲ ಸೊಸೆ ಫ್ರಾನ್ಸಿನಲ್ಲಿದ್ದಾಳೆ ಎಂದು ಹೇಳಿಕೊಂಡು ಓಡಾಡುತ್ತಿದ್ದರು. ನಾನೂ ತಿದ್ದಲು ಹೋಗಲಿಲ್ಲ. ಬಾಲ್ಕನಿಯಲ್ಲಿ ನಿಂತರೆ ಎದುರಿನ ಬ್ಯಾಚುಲರ್‌ಗಳ ಒಗೆದ ಬಟ್ಟೆ, ಕೆಳಗೆ ಮಲಯಾಳಿಯ ಗ್ರಾಸರಿ, ಅಷ್ಟೇ ನಮ್ಮ ಫ್ರಾನ್ಸು.

ಮೌಶಿ ಸಿಕ್ಕಿದ್ದು ಲಿಫ್ಟಿನಲ್ಲಿ. ಫೋನಿನಲ್ಲಿ ಗಂಡನಿಗೆ ಕನ್ನಡದಲ್ಲಿ ಬಯ್ಯುತ್ತಿದ್ದೆ, ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯದಿಂದ. ಹಿಂದಿನಿಂದ ಒಂದು ದನಿ ಬಂತು: “ಗಂಡಗ ಇಷ್ಟು ಛಂದ ಬಯ್ಯಾಕಿ ಧಾರವಾಡದಾಕೀನ ಇರಬೇಕು.” ತಿರುಗಿದರೆ ಹತ್ತಿಯ ಸೀರೆ ಉಟ್ಟ, ಐವತ್ತು ದಾಟಿದ ಹೆಂಗಸು ನಗುತ್ತಿದ್ದರು. ತಂದೆ ರೈಲ್ವೆಯಲ್ಲಿ ಗಾರ್ಡ್ ಆಗಿದ್ದರಂತೆ, ಇವರು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲೇ ಬೆಳೆದವರು. ಗಂಡ ತೀರಿಕೊಂಡ ಮೇಲೆ ದುಬೈನ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡಿಕೊಂಡು ಒಬ್ಬಳೇ ಮಗಳನ್ನು ಬೆಳೆಸಿದ್ದರು. ಮನೆಯಲ್ಲಿ ಮರಾಠಿ, ಅಡ್ಡಹೆಸರಿನ ಕೊನೆಗೆ ‘ಕರ್’. ಮಹಾರಾಷ್ಟ್ರದವರು ಎಂದು ನಾನೇ ತೀರ್ಮಾನ ಮಾಡಿದೆ. ಅಂದಿನಿಂದಲೇ ಅವರು ನನಗೆ ಮೌಶಿ, ನಮ್ಮ ಕಡೆ ಚಿಕ್ಕಮ್ಮನನ್ನು ಕರೆಯುವ ಹಾಗೆ.

ಪ್ರತಿ ಶುಕ್ರವಾರ ಹೊತ್ತು ಮುಳುಗುವ ಮೊದಲು ಮೌಶಿ ಗಾಜಿನ ಬಟ್ಟಲಿನಲ್ಲಿ ಎಣ್ಣೆ ಹಾಕಿ, ಬತ್ತಿ ಇಟ್ಟು ದೀಪ ಹಚ್ಚುತ್ತಿದ್ದರು. ಶುಕ್ರವಾರ, ದೀಪ... ನನಗೆ ಇನ್ನೇನು ಹೊಳೆಯಬೇಕು? ಲಕ್ಷ್ಮಿ! ಪರದೇಶದಲ್ಲೂ ಎಷ್ಟು ಅಚ್ಚುಕಟ್ಟು ಎಂದು ಮೆಚ್ಚಿ, ಪ್ರತಿ ಶುಕ್ರವಾರ ಅರಿಷಿಣ ಕುಂಕುಮದ ಬಟ್ಟಲು, ಒಂದು ಮೊಳ ಹೂವು ತೆಗೆದುಕೊಂಡು ಹೋಗುತ್ತಿದ್ದೆ. ಅವರು ಬೇಡ ಎನ್ನದೆ ಇಟ್ಟುಕೊಳ್ಳುತ್ತಿದ್ದರು. ಹೀಗೇ ಎರಡು ವರ್ಷ ನಡೆದಿರಬೇಕು. ಒಂದು ಶುಕ್ರವಾರ ನನ್ನನ್ನು ಸೋಫಾದ ಮೇಲೆ ಕೂರಿಸಿದರು.

“ಇದು ಲಕ್ಷ್ಮಿಗೆ ಹಚ್ಚಿದ್ದಲ್ಲವ್ವಾ. ಶುಕ್ರವಾರ ಸಂಜೀಕ ನಮ್ಮ ಸಬ್ಬತ್, ಶನಿವಾರದ ತನಕ ಕೆಲಸ ಬಿಡೂ ಪವಿತ್ರ ದಿನ, ಸುರು ಆಗ್ತದ. ನಾವು ಯಹೂದಿ ಮಂದಿ. ಈ ದೇಶಕ್ಕ ಬಂದಾಗಿಂದ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆದ್ರ ನಿನ್ನ ಕುಂಕುಮದ ಬಟ್ಟಲ ತಗೊಂಡು ಸುಮ್ನ ಕೂಡಲಿಕ್ಕೆ ಇನ್ನ ಮನಸ್ಸು ಒಪ್ಪವಲ್ದು.”

ನನಗೆ ಮೊದಲು ಬಂದದ್ದು ಸಿಟ್ಟು. ಎರಡು ವರ್ಷ ಇವರ ಮನೆಯ ಉಪ್ಪು ತಿಂದಿದ್ದೇನೆ, ನನಗೆ ಹೇಳಬಾರದಿತ್ತೇ? ಆಮೇಲೆ ಕುತೂಹಲ ಸಿಟ್ಟನ್ನು ನುಂಗಿತು. ಕೇಳಿದ್ದೇ ಕೇಳಿದೆ. ಅವರ ಪೂರ್ವಿಕರು ಹಡಗು ಒಡೆದು ಕೊಂಕಣದ ದಂಡೆಗೆ ಬಂದು ಬಿದ್ದವರು ಎಂದು ಹಿರಿಯರು ಹೇಳುತ್ತಿದ್ದರಂತೆ. ಅಲ್ಲಿ ಗಾಣದ ಎಣ್ಣೆ ತೆಗೆದು ಬದುಕಿದರಂತೆ. ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರು, ಅದಕ್ಕೆ ಊರವರು ಅವರನ್ನು ‘ಶನಿವಾರದ ಗಾಣಿಗರು’ ಎನ್ನುತ್ತಿದ್ದರು. ತಮ್ಮ ಗ್ರಂಥಗಳು ಕೈತಪ್ಪಿಹೋದರೂ ಆ ಒಂದು ದಿನವನ್ನು ಬಿಡಲಿಲ್ಲ ಎಂದು ಮೌಶಿ ಹೇಳುವಾಗ ಅವರ ಬೆನ್ನು ನೆಟ್ಟಗಾಯಿತು.

ಆ ದಿನಗಳಲ್ಲಿ ದುಬೈನಲ್ಲಿ ಯಹೂದಿಗಳು ಸೇರುತ್ತಿದ್ದದ್ದು ಸದ್ದಿಲ್ಲದೆ, ಬೋರ್ಡಿಲ್ಲದ ಒಂದು ವಿಲ್ಲಾದಲ್ಲಿ. ಅದನ್ನು ಮೊದಲು ಪತ್ತೆ ಮಾಡಿದವಳು ಮೌಶಿಯ ಮಗಳು, ಆಫೀಸಿನ ಗೆಳತಿಯೊಬ್ಬಳ ಮೂಲಕ. ಹುಡುಗಿ ದುಬೈನಲ್ಲೇ ಓದಿದವಳು. ಕನ್ನಡ ಬಾರದು, ಮರಾಠಿ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ. ಅಲ್ಲಿ ಅಮೆರಿಕದವರು, ಫ್ರಾನ್ಸಿನವರು (ನಿಜವಾದ ಫ್ರಾನ್ಸು), ದಕ್ಷಿಣ ಆಫ್ರಿಕಾದವರು ಎಲ್ಲ ಬರುತ್ತಿದ್ದರು. ಆಮೇಲೆ ಅಮ್ಮನನ್ನೂ ಕರೆದುಕೊಂಡು ಹೋಗತೊಡಗಿದಳು. ಹೀಬ್ರೂ ಓದುವುದು, ಪ್ರಾರ್ಥನೆಯ ಅರ್ಥ ತಿಳಿಯುವುದು ಎಲ್ಲವನ್ನೂ ಅವಳು ಅಲ್ಲಿ ಕಲಿತಳು. ಕಲಿತಷ್ಟೂ ಅವಳಿಗೆ ಅಮ್ಮನಲ್ಲಿ ಕೊರತೆಗಳು ಕಾಣತೊಡಗಿದವು. ಅಮ್ಮನಿಗೆ ಹೀಬ್ರೂ ಓದಲು ಬರುತ್ತಿರಲಿಲ್ಲ, ಪ್ರಾರ್ಥನೆಗಳೆಲ್ಲ ಬಾಯಿಪಾಠ. ಯಾವುದನ್ನಾದರೂ ಯಾಕೆ ಮಾಡುತ್ತೀ ಎಂದು ಕೇಳಿದರೆ ‘ನಮ್ಮವ್ವ ಮಾಡುತ್ತಿದ್ದಳು’ ಎಂಬ ಒಂದೇ ಉತ್ತರ.

ಆ ವಿಲ್ಲಾದಲ್ಲಿ ಆಗಾಗ ಕಲಿಕೆಯ ಸಂಜೆ ಎಂದು ಮಾಡುತ್ತಿದ್ದರು. ಪ್ರತಿ ಸಲ ಒಬ್ಬರು ತಮ್ಮ ನಾಡಿನ ಯಹೂದಿಗಳ ಪದ್ಧತಿಯೊಂದನ್ನು ಎಲ್ಲರಿಗೂ ತೋರಿಸಿ ವಿವರಿಸಬೇಕು. ಒಂದು ಸಲ ಮೌಶಿಯ ಸರದಿ ಬಂತು. ಅವರು ಆರಿಸಿಕೊಂಡದ್ದು ಮಲಿದಾ. ತೊಳೆದ ಅವಲಕ್ಕಿಗೆ ಕಾಯಿತುರಿ, ಸಕ್ಕರೆ, ಏಲಕ್ಕಿ ಬೆರೆಸಿ, ಸುತ್ತ ಐದು ಬಗೆಯ ಹಣ್ಣು ಜೋಡಿಸಿ, ಪ್ರವಾದಿ ಎಲಿಯಾಹುವನ್ನು ನೆನೆದು ಹಾಡಿ ಹಂಚುವ ತಟ್ಟೆ ಅದು. ಮದುವೆಗೆ, ಹರಕೆಗೆ, ಹೊಸ ಮನೆಗೆ, ಎಲ್ಲದಕ್ಕೂ ಅವರಲ್ಲಿ ಅದು ಬೇಕು.

ಮಗಳಿಗೆ ಇದು ಸುತಾರಾಂ ಒಪ್ಪಿಗೆಯಿರಲಿಲ್ಲ. ನನ್ನೆದುರೇ ಇಂಗ್ಲಿಷಿನಲ್ಲಿ ಸಿಡುಕಿದಳು. “ಮಮ್ಮಾ, ಪ್ಲೀಸ್! ಇಟ್ಸ್ ಪೋಹಾ. ಇದನ್ನ ನೋಡಿ ಎಲ್ಲರೂ ದೇವಸ್ಥಾನದ ಪ್ರಸಾದ ಅಂದ್ಕೋತಾರೆ. ವಿ ವಿಲ್ ಲುಕ್ ಫೇಕ್.” ನನಗೂ ಒಳಗೆ ಚುಚ್ಚಿತು, ಯಾಕೆಂದರೆ ತಟ್ಟೆಯ ವರ್ಣನೆ ಕೇಳಿ ನಾನೂ ಹಾಗೇ ಅಂದುಕೊಂಡಿದ್ದೆ. ಅವಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಮೌಶಿ ನನ್ನ ಪಕ್ಕಕ್ಕೆ ಬಂದು ಕುಳಿತರು. ಆಮೇಲೆ ಮೆಲ್ಲಗೆ ಹೇಳಿದರು: “ಅಲ್ಲಿದ್ದವರು ಒಪ್ಪಲಿ, ಬಿಡಲಿ. ಇಕಿ ಒಪ್ಪಬೇಕು ನೋಡು. ಇಕಿ ಒಗದ್ರ, ನಮ್ಮನ್ಯಾಗ ಇದು ಇಲ್ಲಿಗೇ ಮುಗೀತು.”

ಗುರುವಾರ ಮಧ್ಯಾಹ್ನ ನಾನು ಕಾಯಿ ತುರಿಯಲು ಹೋದೆ. ತೆಳು ಅವಲಕ್ಕಿ ಬೇಡ, ಗಟ್ಟಿ ಅವಲಕ್ಕಿಯೇ ಆಗಬೇಕು, ನೆನೆಸುವುದಲ್ಲ, ತೊಳೆದು ನೀರು ಬಸಿದು ಮುಚ್ಚಿಡಬೇಕು ಎಂದು ಮೌಶಿ ನನಗೇ ಪಾಠ ಮಾಡಿದರು. ಅವಲಕ್ಕಿ ವಿಷಯದಲ್ಲಿ ಧಾರವಾಡದವಳಿಗೆ ಪಾಠ! ಕೊನೆಗೆ ಗೋಡಂಬಿಯನ್ನು ಘಮಘಮ ತುಪ್ಪದಲ್ಲಿ ಹುರಿದು ಮೇಲೆ ಸುರಿದರು. ಕೊಂಕಣದವರು ಹೀಗೆ ಮಾಡುವುದಿಲ್ಲವಂತೆ. ಹುಬ್ಬಳ್ಳಿಯ ನೆರೆಹೊರೆಯವರಿಂದ ಅವರ ಅವ್ವ ಕಲಿತದ್ದಂತೆ. ಬಾಲ್ಕನಿಯ ಕುಂಡದಿಂದ ಒಂದು ಹಿಡಿ ಕಾಮಕಸ್ತೂರಿ ಕೊಯ್ದು ತಟ್ಟೆಯ ಅಂಚಿಗೆ ಇಟ್ಟರು. ಅದನ್ನು ಎಲ್ಲರೂ ಮೂಸಿ, ಪರಿಮಳ ಕೊಟ್ಟವನನ್ನು ನೆನೆಯಬೇಕಂತೆ. ಅಷ್ಟರಲ್ಲಿ ಕೆಳಗಿನಿಂದ ನನ್ನ ಗಂಡನ ಹಾರ್ನು. ಅಷ್ಟು ದೊಡ್ಡ ತಟ್ಟೆಯನ್ನು ಟ್ಯಾಕ್ಸಿಯಲ್ಲಿ ಒಯ್ಯಲಾಗುವುದಿಲ್ಲ ಎಂದು ಅವನನ್ನು ನಾನೇ ಒಪ್ಪಿಸಿದ್ದೆ. “ಯಲ್ಲಾ, ಲಗೂ ಬರ್ರಿ!” ಎಂದು ಅವನ ಅವಸರ. ಮಗಳು ಮುಂದಿನ ಸೀಟಿನಲ್ಲಿ ಕುಳಿತು ದಾರಿಯುದ್ದಕ್ಕೂ ಫೋನು ನೋಡುತ್ತಿದ್ದಳು. ಹಿಂದೆ ನಾನು, ಮೌಶಿ, ನಮ್ಮಿಬ್ಬರ ತೊಡೆಯ ಮೇಲೆ ತಟ್ಟೆ.

ಗಂಡ ಹೊರಗೆ ಕಾರಿನಲ್ಲೇ ಉಳಿದ. ವಿಲ್ಲಾದ ಒಳಗೆ ಮೂವತ್ತು ನಲವತ್ತು ಜನ ಇದ್ದರೇನೋ. ನಾನು ಅತಿಥಿ ಎಂದು ಪ್ರೀತಿಯಿಂದಲೇ ಕರೆದು ಕೂರಿಸಿದರು. ಮೌಶಿ ತಟ್ಟೆಯನ್ನು ಉದ್ದನೆಯ ಮೇಜಿನ ಮೇಲೆ ಇಡಲು ಬಗ್ಗಿದವರು ಹಾಗೇ ನಿಂತುಬಿಟ್ಟರು. ಮೇಜಿನ ತುಂಬ ಊಟದ ಟ್ರೇಗಳು. ಎಲ್ಲ ಕೋಳಿ. ಅವರ ಧರ್ಮದಲ್ಲಿ ಹಾಲಿನದನ್ನೂ ಮಾಂಸವನ್ನೂ ಒಟ್ಟಿಗೆ ತಿನ್ನುವಂತಿಲ್ಲ ಎಂದು ನನಗೆ ಮೊದಲೇ ಹೇಳಿದ್ದರು. ಮೌಶಿಯ ಮನೆಯಲ್ಲಿ ಮಲಿದಾ ಮಾಡಿದ ದಿನ ಮಾಂಸ ಒಳಗೇ ಬರುತ್ತಿರಲಿಲ್ಲವಾದ್ದರಿಂದ ಈ ಪ್ರಶ್ನೆ ಎಂದೂ ಎದ್ದಿರಲಿಲ್ಲ. ಈಗ ತುಪ್ಪದ ಗೋಡಂಬಿ ಅವಲಕ್ಕಿಯ ಮೇಲೆ ಮಿರಮಿರ ಮಿಂಚುತ್ತಿತ್ತು.

ಮಗಳಿಗೂ ಗೊತ್ತಾಯಿತು. ಓಡಿಬಂದು, ಪಕ್ಕದಲ್ಲಿದ್ದ ನನಗೂ ಕೇಳುವಂತೆ, ಅಮ್ಮನ ಕಿವಿಯ ಹತ್ತಿರ ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು: “ಎಣ್ಣೆ ಅಂತ ಹೇಳು, ಮಮ್ಮಾ. ಯಾರಿಗೂ ತಿಳಿಯಲ್ಲ.” ನನ್ನನ್ನು ಕೇಳಿದ್ದರೆ ನಾನೂ ಎಣ್ಣೆ ಎಂದೇ ಹೇಳಿಸುತ್ತಿದ್ದೆ. ಇಷ್ಟು ದೂರ ಬಂದು ಮರ್ಯಾದೆ ಕಳೆದುಕೊಳ್ಳುವುದು ಯಾರಿಗೆ ಬೇಕು?

ಮೌಶಿ ಮಗಳನ್ನು ಒಮ್ಮೆ ನೋಡಿದರು. ಆಮೇಲೆ ಎಲ್ಲರಿಗೂ ಕೇಳಿಸುವಂತೆ ಇಂಗ್ಲಿಷಿನಲ್ಲಿ ಹೇಳಿದರು. ಇದರಲ್ಲಿ ತುಪ್ಪವಿದೆ, ತಪ್ಪು ನನ್ನದು, ಊಟಕ್ಕೆ ಏನು ಎಂದು ನಾನು ಕೇಳಬೇಕಿತ್ತು, ಈ ಮೇಜಿನ ಮೇಲೆ ಇದನ್ನು ಇಡಲಾರೆ, ಕ್ಷಮಿಸಿ ಎಂದರು. ಮಗಳ ಮುಖ ಕೆಂಪೇರಿತು. ಮೌಶಿ ತಟ್ಟೆ ಎತ್ತಿಕೊಂಡು ಬಾಗಿಲ ಕಡೆ ತಿರುಗಿದ್ದರು.

ಆಗ ಅಲ್ಲಿ ಪಾಠ ಹೇಳುತ್ತಿದ್ದ ಬಿಳಿ ಗಡ್ಡದ ಹಿರಿಯರು ಎದ್ದು ಬಂದರು. ಹಾಲು ಮಾಂಸದ ಈ ನಿಯಮವನ್ನು ನಿಮಗೆ ಯಾರು ಕಲಿಸಿದರು ಎಂದು ಕೇಳಿದರು. ಮೌಶಿಗೆ ಬೇರೆ ಉತ್ತರ ಎಲ್ಲಿತ್ತು?

“ನನ್ನ ತಾಯಿ. ಅವಳಿಗೆ ಅವಳ ತಾಯಿ. ಪುಸ್ತಕ ಇರಲಿಲ್ಲ ನಮ್ಮಲ್ಲಿ.”

ಆ ಮನುಷ್ಯ ತಟ್ಟೆಯನ್ನೇ ನೋಡಿದರು. ಅವರ ಕಣ್ಣು ಒದ್ದೆಯಾದಂತೆ ನನಗೆ ಕಂಡಿತು. ಆಮೇಲೆ ತಿರುಗಿ, ಕೋಳಿಯನ್ನೆಲ್ಲ ಅಡುಗೆಮನೆಗೆ ಒಯ್ಯಿರಿ, ಮೇಜಿಗೆ ಬೇರೆ ಬಟ್ಟೆ ಹಾಸಿ, ಮೊದಲು ಇದನ್ನು ತಿನ್ನೋಣ, ಬಾಯಿ ತೊಳೆದು ಊಟ ಆಮೇಲೆ ಮಾಡೋಣ ಎಂದರು. ಸೂಟು ಬೂಟಿನವರೆಲ್ಲ ಟ್ರೇ ಹೊತ್ತುಕೊಂಡು ಒಳಗೆ ಓಡಿದರು. ಮೌಶಿಯ ಅವಲಕ್ಕಿಗಾಗಿ ಇಡೀ ಮೇಜು ಖಾಲಿಯಾಯಿತು!

ಮೌಶಿ ಹಾಡಲು ಶುರುಮಾಡಿದರು. ಅವರ ರಾಗ ಅಲ್ಲಿದ್ದವರಿಗೆ ಹೊಸದು, ಆದರೆ ಹೀಬ್ರೂ ಮಾತುಗಳು ಎಲ್ಲರಿಗೂ ಗೊತ್ತಿದ್ದವೇ. ಒಬ್ಬೊಬ್ಬರಾಗಿ ದನಿಗೂಡಿಸಿದರು. ತಟ್ಟೆ ಎತ್ತಿ ಹಿಡಿಯಬೇಕಾದಾಗ ಮೌಶಿಯ ಕೈ ಸೋತಿತು. ನಾನು ಏಳುವಷ್ಟರಲ್ಲಿ ಮಗಳು ಬಂದು ಇನ್ನೊಂದು ಬದಿ ಹಿಡಿದಿದ್ದಳು. ಅಮ್ಮನ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ, ತಟ್ಟೆಯನ್ನೇ ನೋಡುತ್ತಿದ್ದಳು. ಹಂಚುವಾಗ ಫ್ರೆಂಚ್ ಹೆಂಗಸೊಬ್ಬಳು ಇದು ಹಿಂದೂಗಳ ಪದ್ಧತಿಯೇ ಎಂದು ಕೇಳಿದಳು. “ನೋ,” ಎಂದಳು ಹುಡುಗಿ, “ಇಟ್ಸ್ ಅವರ್ಸ್.” ಬೇರೆ ಮನೆಯ ಅಡುಗೆ ಮುಟ್ಟದಷ್ಟು ನಿಯಮದಲ್ಲಿ ಬಿಗಿಯಾಗಿದ್ದ ಒಬ್ಬ ಯುವಕ ಬಾಳೆಹಣ್ಣು ಮಾತ್ರ ತಿಂದ. ಮೌಶಿಗೆ ಬೇಸರವಾಗಲಿಲ್ಲ, ಅವನಿಗೆ ಇನ್ನೊಂದು ಬಾಳೆಹಣ್ಣು ಕೊಟ್ಟರು.

ವಾಪಸು ಬರುವಾಗ ಖಾಲಿ ತಟ್ಟೆ ಡಿಕ್ಕಿಯಲ್ಲಿತ್ತು. ಮಗಳು ಹಿಂದಿನ ಸೀಟಿಗೆ ಬಂದು ಅಮ್ಮನ ಹೆಗಲಿಗೆ ತಲೆಯಿಟ್ಟು ಮಲಗಿದಳು. ನಾನು ಮುಂದೆ ಕುಳಿತು ಗಂಡನಿಗೆ ಎಲ್ಲ ವರದಿ ಒಪ್ಪಿಸಿದೆ...

ಕೆಲವು ವರ್ಷಗಳ ನಂತರ ಮೌಶಿಗೆ ನಿವೃತ್ತಿಯಾಯಿತು. ಇಲ್ಲಿ ಕೆಲಸ ಮುಗಿದರೆ ವೀಸಾನೂ ಖಲಾಸ್. ಮಹಾರಾಷ್ಟ್ರದ ಠಾಣೆಯಲ್ಲಿದ್ದ ಅಕ್ಕನ ಮನೆಗೆ ಹೋದರು. ನಾವೂ ಅಬುಧಾಬಿಗೆ ಮನೆ ಬದಲಿಸಿದೆವು. ಮೊದಮೊದಲು ವಾರಕ್ಕೊಮ್ಮೆ ಫೋನು, ಆಮೇಲೆ ಹಬ್ಬಕ್ಕೆ ಮಾತ್ರ. ಅಕ್ಕ ತೀರಿಕೊಂಡರು, ಅದಾದ ಮರುವರ್ಷ ಮೌಶಿಯೂ ಹೋದರು. ನನಗೆ ಸುದ್ದಿ ಬಂದದ್ದು ಎಲ್ಲ ಮುಗಿದ ಮೇಲೆ. ಅವತ್ತು ಅತ್ತಷ್ಟು ನಾನು ನನ್ನ ಸ್ವಂತ ಚಿಕ್ಕಮ್ಮ ಹೋದಾಗಲೂ ಅತ್ತಿರಲಿಲ್ಲ.

ಮಗಳು ಈಗ ಮದುವೆಯಾಗಿ ಲಂಡನ್ನಿನಲ್ಲಿದ್ದಾಳೆ. ಕಾಮಕಸ್ತೂರಿಯ ಕುಂಡ ನನ್ನ ಮನೆಗೆ ಬಂದ ಮೇಲೆ ತಡೆಯಲಾರದೆ ಅವಳಿಗೊಂದು ಮೆಸೇಜು ಹಾಕಿದ್ದೆ, ನಿಮ್ಮಮ್ಮ ಬಹಳ ನೆನಪಾಗುತ್ತಾರೆ ಎಂದು. ನಿನ್ನೆ ಉತ್ತರ ಬಂತು, ಜೊತೆಗೆ ಒಂದು ಫೋಟೊ. ಹೊಸ ಮನೆಗೆ ಹೋಗಿದ್ದಾಳಂತೆ. ಫೋಟೊದಲ್ಲಿ ಮಲಿದಾದ ತಟ್ಟೆ, ಸುತ್ತ ಐದು ಹಣ್ಣು. ಕೆಳಗೆ ಇಂಗ್ಲಿಷಿನಲ್ಲಿ ಕೇಳಿದ್ದಳು: “ಆಂಟಿ, ಸರಿ ಇದೆಯಾ? ಮಮ್ಮಾ ಮಾಡುತ್ತಿದ್ದ ಹಾಗೇ ಇದೆಯಾ?”

ದೊಡ್ಡದು ಮಾಡಿ ನೋಡಿದೆ. ಅವಲಕ್ಕಿಗೆ ನೀರು ಹೆಚ್ಚಾಗಿ ಮುದ್ದೆ ಕಟ್ಟಿತ್ತು. ಕಾಯಿತುರಿ ಡಬ್ಬಿಯದು, ಒಣಗಿದ್ದು. ಮೌಶಿ ಇದ್ದಿದ್ದರೆ ತಟ್ಟೆಯ ಮುಂದೆ ಕುಳಿತು ಒಂದೊಂದಾಗಿ ತಪ್ಪು ತೆಗೆದು, ಬೈದು, ಕೊನೆಗೆ ತಾವೇ ಮೊದಲ ತುತ್ತು ತಿನ್ನುತ್ತಿದ್ದರು. ಅವರ ಹಬ್ಬದ ತಟ್ಟೆಗೆ ಸರಿ ತಪ್ಪು ಹೇಳಲು ನಾನು ಯಾರು? ಏನೋ ಬರೆದು ಅಳಿಸಿದೆ. ಆಮೇಲೆ ‘ಸರಿ ಇದೆ, ಅಮ್ಮ ಮಾಡಿದ ಹಾಗೇ ಇದೆ’ ಎಂದು ಬರೆದು ಕಳಿಸಿದೆ. ಕೇಳಲು ಅವಳಿಗೆ ಬೇರೆ ಯಾರೂ ಉಳಿದಿಲ್ಲ.