ಕಂಡಕ್ಟರ್ ದೇವೀಂದ್ರಪ್ಪ ಓದಿದ ಕೊನೆಯ ಅಧ್ಯಾಯ

ದೇವೀಂದ್ರಪ್ಪನವರು ಯಾರನ್ನೂ ಸುಲಭಕ್ಕೆ ನಂಬುವವರಲ್ಲ. ಕಲಬುರಗಿ–ಕಮಲಾಪುರ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡ ಮನುಷ್ಯ. ಕಿಟಕಿಗೆ ತಲೆ ಆನಿಸಿ ಗೊರಕೆ ಹೊಡೆಯುವವನನ್ನು ಒಂದು ಸಲ ನೋಡಿದರೆ ಸಾಕು, ಅದು ದಣಿದವನ ನಿದ್ದೆಯೋ ಟಿಕೆಟ್ ತಪ್ಪಿಸುವವನ ನಿದ್ದೆಯೋ ಎಂದು ಹೇಳಿಬಿಡುತ್ತಿದ್ದರು. ನೌಕರಿಯಿಂದ ನಿವೃತ್ತಿಯಾದರೂ ಆ ಕಣ್ಣಿಗೆ ನಿವೃತ್ತಿ ಆಗಲಿಲ್ಲ. ಕಲಬುರಗಿಯ ಜಗತ್ ಸರ್ಕಲ್ ಹತ್ತಿರದ ನನ್ನ ಝೆರಾಕ್ಸ್ ಅಂಗಡಿಗೆ ಬಂದರೆ ಮೊದಲು ಚಹಾದ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ಹಾಲಿಗೆ ನೀರು ಬೆರೆಸಿದವನು ನಾನೇ ಎಂಬ ಹಾಗೆ.

ಅವರು ಕಣ್ಣು ಮುಚ್ಚಿ ನಂಬಿದ್ದು ಎರಡೇ. ಒಂದು, ಅದೇ ಬಸ್ಸಿನ ಡ್ರೈವರ್ ಇಮಾಮುದ್ದೀನ್. ಇನ್ನೊಂದು, ‘ಅಂಗಾರಕನ ದಾರಿ’ ಎಂಬ ಹಳೆಯ ಕಾದಂಬರಿ.

ಅದು ಸೋಮನಾಥನೆಂಬ ನೌಕೆಯ ಚಾಲಕನ ಕಥೆ. ಬತ್ತಿಹೋಗುತ್ತಿರುವ ಭೂಮಿಯಿಂದ ಜನರನ್ನು ತುಂಬಿಕೊಂಡು ಮಂಗಳ ಗ್ರಹಕ್ಕೆ ಬಿಟ್ಟು ಬರುವುದು ಅವನ ಕೆಲಸ. ಊರಲ್ಲಿ ಹೆಂಡತಿ ಗೌರಿ ಪ್ರತಿ ಸಂಜೆ ಮಾಳಿಗೆಯ ಮೇಲೆ ದೀಪ ಹಚ್ಚಿ ಅವನ ದಾರಿ ಕಾಯುತ್ತಾಳೆ. ಪುಸ್ತಕ ಅಂಗಡಿಗಳಲ್ಲಿ ಸಿಗದೆ ಎಷ್ಟೋ ಕಾಲವಾಯಿತು. ದೇವೀಂದ್ರಪ್ಪನವರ ಪ್ರತಿಯಿಂದ ನಾನು ತೆಗೆದುಕೊಟ್ಟ ಝೆರಾಕ್ಸುಗಳೇ ಊರಲ್ಲಿ ಓಡಾಡುತ್ತಿವೆ. ಅದು ಕಾನೂನಿಗೆ ಸರಿಯೇ ಎಂದು ಕೇಳಬೇಡಿ. ಕೇಳಿದರೆ ನನಗೆ ಮಷೀನಿನ ಸದ್ದಿನಲ್ಲಿ ಕೇಳಿಸುವುದಿಲ್ಲ.

ಹಾಗೆ ಓದಿದವರೆಲ್ಲ ಭಾನುವಾರ ನನ್ನ ಅಂಗಡಿಯ ಬೆಂಚಿನ ಮೇಲೆ ಸೇರುತ್ತಿದ್ದೆವು. ನೌಕೆಗೆ ಎಷ್ಟು ಬಾಗಿಲು, ಅಲ್ಲಿಯ ಗಾಳಿಯಲ್ಲಿ ಜೋಳ ಬೆಳೆದೀತೇ, ಇಂಥವೇ ಜಗಳ. ದೇವೀಂದ್ರಪ್ಪನವರದು ಒಂದು ಕಟ್ಟುನಿಟ್ಟು ಇತ್ತು: ಕೊನೆಯ ಅಧ್ಯಾಯದ ಮಾತನ್ನು ಬೆಂಚಿನ ಮೇಲೆ ತೆಗೆಯಕೂಡದು. ಹೊಸಬರಿಗೆ ರುಚಿ ಕೆಡುತ್ತದೆ ಎನ್ನುತ್ತಿದ್ದರು. ಒಳ್ಳೆಯ ಮಾತೇ ಎಂದು ನಾವೂ ಒಪ್ಪಿದ್ದೆವು.

ಅವರ ಜೊತೆ ಬೆಂಚಿಗೆ ಬರುತ್ತಿದ್ದ ಇಮಾಮುದ್ದೀನ್ ಮಹಾಗಾಂವದವರು. ಓದಿದ್ದು ಉರ್ದು ಶಾಲೆಯಲ್ಲಿ. ಕನ್ನಡ ಮಾತು ನೀರು ಕುಡಿದಷ್ಟು ಸಲೀಸು, ಅಕ್ಷರ ಮಾತ್ರ ಬಾರದು. ಬಸ್ಸು ಕಮಲಾಪುರದಲ್ಲಿ ನಿಂತಾಗ, ಇಬ್ಬರೂ ಕೆಂಪು ಬಾಳೆಹಣ್ಣು ತಿನ್ನುತ್ತ ಕೂತು, ದೇವೀಂದ್ರಪ್ಪ ಓದುವುದು, ಇಮಾಮುದ್ದೀನ್ ಕೇಳುವುದು. ಹಾಗೆ ಇಡೀ ಕಾದಂಬರಿ ಅವರ ಕಿವಿಯಿಂದಲೇ ಒಳಗೆ ಹೋಗಿತ್ತು. ಓದು ಮುಗಿದ ಮೇಲೆ ಬಸ್ಸನ್ನು ಹಿಂದಕ್ಕೆ ತೆಗೆಯಬೇಕು. ಆ ಇಕ್ಕಟ್ಟಿನಲ್ಲಿ ಹಿಂದೆ ಟೆಂಪೋ, ಹಣ್ಣಿನ ಬುಟ್ಟಿ, ಆಡು, ಮಕ್ಕಳು. ದೇವೀಂದ್ರಪ್ಪ ಹಿಂದೆ ನಿಂತು ಬಸ್ಸಿನ ಮೈ ತಟ್ಟುತ್ತ "ಬರ್ಲಿ, ಬರ್ಲಿ" ಎಂದರೆ ಇಮಾಮುದ್ದೀನ್ ಕನ್ನಡಿ ಕೂಡ ನೋಡುತ್ತಿರಲಿಲ್ಲವಂತೆ. ಬೇರೆ ಕಂಡಕ್ಟರ್ ಬಂದ ದಿನ ತಾವೇ ಇಳಿದು ಹಿಂದೆ ಹೋಗಿ ನೋಡಿ ಬರುತ್ತಿದ್ದರಂತೆ.

ಇಬ್ಬರೂ ನಿವೃತ್ತರಾದ ಮೇಲೆ ಒಂದು ದಿನ ಸುದ್ದಿ ಬಂತು, ‘ಅಂಗಾರಕನ ದಾರಿ’ ಸಿನಿಮಾ ಆಗುತ್ತಿದೆ ಎಂದು.

ನಮಗೆ ಖುಷಿ ಆಗಬೇಕಿತ್ತು. ಆಗಲಿಲ್ಲ. ಇಷ್ಟಪಟ್ಟ ಪುಸ್ತಕವನ್ನು ಸಿನಿಮಾದವರ ಕೈಗೆ ಕೊಡುವುದೆಂದರೆ ಬಿಳಿ ಅಂಗಿ ತೊಡಿಸಿದ ಮಗುವನ್ನು ಬಣ್ಣದ ಹಬ್ಬಕ್ಕೆ ಕಳಿಸಿದ ಹಾಗೆ. ನಮ್ಮ ಪೈಕಿ ಗೌತಮ ಎಂಬವನೊಬ್ಬ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು, ಗಂಟಲು ದೊಡ್ಡದು. ಟ್ರೇಲರ್ ಅನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ತಪ್ಪು ಹುಡುಕಿದ. "ಸೋಮನಾಥನ ಮೀಸಿ ಎಲ್ಲಿ ಹೋತ್ರಿ? ಗೌರಿ ಕೈಯಾಗ ಮೊಬೈಲ್ ಕೊಟ್ಟಾರೇನು ನೋಡ್ರಿ ಸ್ವಲ್ಪ! ನೌಕೆದಾಗ ಡ್ಯಾನ್ಸ್ ಇಟ್ಟಿದ್ರ ನಾ ಅರ್ಧಕ್ಕ ಎದ್ದು ಬರ್ತೀನಿ."

ಎಲ್ಲರಿಗಿಂತ ಹೆಚ್ಚು ಅನುಮಾನಪಟ್ಟವರು ದೇವೀಂದ್ರಪ್ಪನವರೇ. ಆದರೆ ಅವರಿಗೆ ಮೀಸೆಯೂ ಬೇಡ, ಮೊಬೈಲೂ ಬೇಡ. ಬಂದಾಗಲೆಲ್ಲ ಒಂದೇ ಪ್ರಶ್ನೆ: "ಕೊನೀಗಿ ಹ್ಯಾಂಗ ತೆಗದಾರಂತ?" ಒಂದು ಭಾನುವಾರ ಗೌತಮ ಫೋನು ಎತ್ತಿ ಹಿಡಿದ. ನಿರ್ದೇಶಕರು ಸಂದರ್ಶನದಲ್ಲಿ ಹೇಳುತ್ತಿದ್ದರು: ‘ಕಾದಂಬರಿಯ ಕೊನೆಯನ್ನು ನಾವು ಮುಟ್ಟಿಲ್ಲ. ಬರೆದದ್ದು ಬರೆದ ಹಾಗೇ ಇದೆ.’ ಬೆಂಚಿಗೆ ಬೆಂಚೇ ಚಪ್ಪಾಳೆ ಹೊಡೆಯಿತು. ದೇವೀಂದ್ರಪ್ಪನವರ ಮುಖ ಮಾತ್ರ ಸುಟ್ಟ ಬದನೆಕಾಯಿ ಆಯಿತು. ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋದರು.

ಆಗ ನನಗೆ ಅವರ ಮೇಲೇ ಅನುಮಾನ ಶುರುವಾಯಿತು. ಮರುದಿನ ಫೋನು ಮಾಡಿ, "ಸುನೀಲ, ಇಮಾಮ್‌ಗ ಮಾತ್ರ ಟಿಕೆಟ್ ತಗೀಬ್ಯಾಡ. ಅವನ ಕಣ್ಣಿಗಿ ಆ ಬೆಳಕು ಆಗಿಬರಂಗಿಲ್ಲ" ಎಂದರು. ಹೈವೇಯಲ್ಲಿ ಎದುರು ಲಾರಿಗಳ ಬೆಳಕು ಕುಡಿದು ಬದುಕಿದ ಕಣ್ಣಿಗೆ ಸಿನಿಮಾ ಬೆಳಕು ಆಗುವುದಿಲ್ಲವಂತೆ! ಇದನ್ನು ಗೌತಮನಿಗೆ ಹೇಳಿದರೆ ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋದ. "ಸಿನಿಮಾದೋರ ಜೋಡಿ ಕಾಕಾಂದು ಏನೋ ನಡದದ ನೋಡ್ರಿ. ಅವರ ಹಳೇ ಪ್ರತಿ ಒಯ್ದಿರಬೇಕು, ಬಾಯಿ ಮುಚ್ಚಿಕೊಂಡಿರು ಅಂದಿರಬೇಕು." ನಾನು ಬೈದೆ. ಬೈದರೂ ಆ ಮಾತು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತಿತು.

ಮುಂದಿನ ಭಾನುವಾರ ದೇವೀಂದ್ರಪ್ಪ ಬರಲಿಲ್ಲ, ಇಮಾಮುದ್ದೀನ್ ಒಬ್ಬರೇ ಬಂದರು. ಮಾತಿಗೆ ಮಾತು ಬಂದು, "ಸಿನಿಮಾದಾಗ ಆ ಸೋಮನಾಥ ಪುಂಡಿಪಲ್ಯ ಉಣ್ಣೋ ಸೀನ್ ಇಟ್ಟಾರೋ ಇಲ್ಲೋ ಖಬರಿಲ್ಲ. ಅದಿಲ್ಲಂದ್ರ ಮಜಾನೇ ಇಲ್ಲ ನೋಡ್ರಿ" ಎಂದರು.

ನಾನು ಸುಮ್ಮನೆ ಹೂಂ ಅಂದೆ. ಆ ಕಾದಂಬರಿಯ ಪುಟ ಪುಟವನ್ನೂ ಗಾಜಿನ ಮೇಲೆ ಬೋರಲು ಹಾಕಿ ಝೆರಾಕ್ಸ್ ತೆಗೆದವನು ನಾನು. ಅದರಲ್ಲಿ ಎಲ್ಲಿಯೂ ಪುಂಡಿಪಲ್ಯ ಇಲ್ಲ.

ಮರುದಿನವೇ ಅಂಗಡಿಗೆ ಬೀಗ ಹಾಕಿ ಕಮಲಾಪುರದ ಬಸ್ಸು ಹತ್ತಿದೆ. ದೇವೀಂದ್ರಪ್ಪನವರು ಅಲ್ಲಿಯ ತಮ್ಮ ಮನೆಯಲ್ಲಿರಲಿಲ್ಲ, ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಬಂದು ಹೋಗುವ ಕಂಡಕ್ಟರುಗಳಲ್ಲಿ ದೋಷ ಹುಡುಕುತ್ತಿದ್ದರು. ನಾನು ಕೂಡುವ ಮೊದಲೇ ಕೇಳಿಬಿಟ್ಟೆ: "ಕಾಕಾ, ಸೋಮನಾಥ ಪುಂಡಿಪಲ್ಯ ಯಾವಾಗ ಉಂಡ?"

ಅವರು ಸುಮ್ಮಸುಮ್ಮನೆ ಜೇಬು ತಡವಿಕೊಂಡರು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರು ಹೀಗೇ ಮಾಡುತ್ತಾರೆಂದು ಅವರೇ ಒಮ್ಮೆ ಹೇಳಿದ್ದರು.

"ಇದೇ ಕಟ್ಟಿ ಮ್ಯಾಲ ಉಂಡ" ಎಂದರು. "ಆ ದಿನ ಇಮಾಮ್ ಹೆಂಡ್ತಿ ಫರೀದಾಗ ಹೆರಿಗಿ ಬ್ಯಾನಿ. ಕೇಸ್ ಕಠಿಣ ಅದ ಅಂತ ಮಹಾಗಾಂವದಿಂದ ಕಲಬುರಗಿಗಿ ಒಯ್ದಿದ್ರು. ಇಮಾಮ್‌ಗ ಖಬರ್ ಸಿಕ್ಕಿದ್ದು ಇಲ್ಲಿ ಬಂದ ಮ್ಯಾಲ. ಫೋನ್ ಗೀನ್ ಏನಿಲ್ಲ ಆಗ. ಬಸ್ ಬಿಡೋ ಟೈಮ್ ಆಗೋತನಕ ಇಲ್ಲೇ ಕುಂದರಬೇಕು. ‘ಓದು ಯಾರ್, ಇಲ್ಲಂದ್ರ ನನಗ ಹುಚ್ಚು ಹಿಡಿತದ’ ಅಂದ. ಉಳದಿದ್ದು ಕೊನೀ ಅಧ್ಯಾಯ ಒಂದೇ."

ಕೊನೆಯ ಅಧ್ಯಾಯ ನನಗೆ ಗೊತ್ತು. ಕೊನೆಯ ಪಯಣದಲ್ಲಿ ಇಂಧನ ಹೋಗುವಷ್ಟೇ ಇರುತ್ತದೆ. ಸೋಮನಾಥ ಅದು ತಿಳಿದೇ ಜನರನ್ನು ಕರೆದೊಯ್ದು ಅಲ್ಲೇ ಉಳಿಯುತ್ತಾನೆ. ಇಲ್ಲಿ ಗೌರಿಯ ದೀಪ ಉರಿಯುತ್ತಲೇ ಇರುತ್ತದೆ.

"ಸೋಮನಾಥ ಅಂದ್ರ ತಾನೇ ಅನ್ನಂಗ ಕೇಳತಿದ್ದ ಅಂವಾ. ಅವನೂ ಡ್ರೈವರ್, ಇವನೂ ಡ್ರೈವರ್. ‘ಮನೀಗಿ ಬರ್ತಾನಲ್ಲ?’ ಅಂತ ಕೇಳ್ದ. ಬರಂಗಿಲ್ಲ ಅಂತ ಹ್ಯಾಂಗ ಓದ್ಲಿ ಸುನೀಲ? ಕಲಬುರಗಿತನಕ ಅವನೇ ಸ್ಟೇರಿಂಗ್ ಹಿಡೀಬೇಕಾಗಿತ್ತು. ಕಣ್ಣು ಹಾಳಿ ಮ್ಯಾಲೆ ಇಟ್ಟೆ, ಬರದಿದ್ದು ಬಿಟ್ಟೆ, ಬ್ಯಾರೇನೇ ಓದಿದೆ. ಬಾಗಲಾ ಬಡಿತಾನ. ಗೌರಿ ತಗೀತಾಳ. ಕಾಲು ತೊಳ್ಕೊಂಡು ಕುಂತು ರೊಟ್ಟಿ, ಪುಂಡಿಪಲ್ಯ ಉಣ್ತಾನ."

"ಮಂಗಳದಿಂದ ಬಂದಾಂವ್ಗ ಪುಂಡಿಪಲ್ಯನೇ ಯಾಕ ಕಾಕಾ?"

"ನನಗ ಹಸಿವಾಗಿತ್ತು" ಎಂದರು.

ಆ ಸಂಜೆ ಇಮಾಮುದ್ದೀನ್ ಆಸ್ಪತ್ರೆ ಮುಟ್ಟಿದಾಗ ಫರೀದಾ ಹುಷಾರಾಗಿದ್ದರು, ಪಕ್ಕದಲ್ಲಿ ಅಫ್ಶೀನ್ ಎಂಬ ಹೆಣ್ಣುಕೂಸು. ಕಿತಾಬು ಮೊದಲೇ ಹೇಳಿತ್ತು ಎಂದು ಇಮಾಮುದ್ದೀನ್ ಆಗ ಮಹಾಗಾಂವದಲ್ಲೆಲ್ಲ ಹೇಳಿಕೊಂಡು ತಿರುಗಿದರು. ಮಗಳನ್ನು ಮಲಗಿಸುವಾಗ ಅದೇ ಕಥೆ. ರೊಟ್ಟಿ ಪುಂಡಿಪಲ್ಯ ಬರುವವರೆಗೆ ಆ ಹುಡುಗಿ ಕಣ್ಣು ಮುಚ್ಚುತ್ತಿರಲಿಲ್ಲವಂತೆ.

"ಹೇಳಿಬಿಡ್ರಿ ಅವರಿಗಿ" ಎಂದೆ.

"ನೀ ಹೇಳ್ತಿಯೇನು? ಹಿಂದ ಏನದ ಅಂತ ಅಂವಾ ಜಿಂದಗಿದಾಗ ನೋಡಿಲ್ಲ. ನಾ ಬರ್ಲಿ ಅಂದ್ರ ಬರ್ತಿದ್ದ. ಇದೊಂದು ಸುಳ್ಳು ಅಂತ ಗೊತ್ತಾದ್ರ, ಉಳದಿದ್ದು ಯಾವುದು ಖರೆ ಅಂತಾನ?" ಸ್ವಲ್ಪ ತಡೆದು, ಸಿಟ್ಟಿನಿಂದ, "ಎಲ್ಲಾ ಸಿನಿಮಾದೋರು ಪುಸ್ತಕ ಕೆಡಿಸ್ತಾರ. ಕೊನೀಗಿ ಹೀರೋನ ಮನೀಗಿ ಕರಕೊಂಡು ಬಂದೇ ಬರ್ತಾರ. ಇವರಿಗೇನ್ ಧಾಡಿ ಆಗ್ಯದ?" ಎಂದರು.

ನನಗೆ ನಗು ಬಂತು, ಅದರ ಹಿಂದೆಯೇ ಸಂಕಟವೂ ಬಂತು. ನಾವೆಲ್ಲ ಸಿನಿಮಾ ಪುಸ್ತಕದ ಹಾಗೆ ಇರಲಿಕ್ಕಿಲ್ಲ ಎಂದು ಹೆದರುತ್ತಿದ್ದರೆ, ಈ ಮನುಷ್ಯ ಪುಸ್ತಕದ ಹಾಗೇ ಇದ್ದುಬಿಟ್ಟರೆ ಎಂದು ಹೆದರಿ ಅನ್ನ ನೀರು ಬಿಟ್ಟಿದ್ದರು.

ಬಿಡುಗಡೆಯ ದಿನ ಮಧ್ಯಾಹ್ನದ ಆಟ. ಅಫ್ಶೀನ್ ಮೊಬೈಲಿನಲ್ಲೇ ಟಿಕೆಟ್ ತೆಗೆದಿದ್ದಳು, ತನಗೆ, ಅಪ್ಪ ಅಮ್ಮನಿಗೆ, ದೇವೀಂದ್ರಪ್ಪ ಕಾಕಾನಿಗೆ. ಇಲ್ಲ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ನಾನೂ ಗೌತಮನೂ ಅವರ ಹಿಂದಿನ ಸಾಲಿನಲ್ಲಿದ್ದೆವು. ನಾನು ಸಿನಿಮಾ ನೋಡಿದ್ದಕ್ಕಿಂತ ಆ ಎರಡು ಬಿಳಿ ತಲೆಗಳನ್ನು ನೋಡಿದ್ದೇ ಹೆಚ್ಚು.

ಸಿನಿಮಾ ಚೆನ್ನಾಗಿತ್ತು. ಹೊಟ್ಟೆ ಉರಿಯುವಷ್ಟು ಚೆನ್ನಾಗಿತ್ತು. ಮೀಸೆ ಇಲ್ಲದಿದ್ದರೂ ಅವನು ಸೋಮನಾಥನೇ. ಕೊನೆಯಲ್ಲಿ ಅವನು ಕೆಂಪು ನೆಲದ ಮೇಲೆ ಒಬ್ಬನೇ ಕೂತ. ಇಲ್ಲಿ ಗೌರಿ ಬತ್ತಿ ಸರಿಮಾಡಿದಳು. ದೀಪ ಉರಿಯಿತು. ಪರದೆ ಕಪ್ಪಾಯಿತು. ಗೌತಮ ಕಣ್ಣೊರೆಸಿಕೊಂಡು ಎದ್ದು ನಿಂತು ಚಪ್ಪಾಳೆ ಹೊಡೆದ. ಮುಂದಿನ ಸಾಲಿನಲ್ಲಿ ಯಾರೂ ಏಳಲಿಲ್ಲ.

ಹೊರಗೆ ಗಾಡಿ ನಿಲ್ಲಿಸುವ ಅಂಗಳಕ್ಕೆ ಬಂದ ಕೂಡಲೇ ಇಮಾಮುದ್ದೀನ್ ಸಿಡಿದರು. "ಮೋಸ! ಬಡ್ಡಿಮಕ್ಕಳು ಬದಲಿ ಮಾಡ್ಯಾರ! ಅಂವಾ ಮನೀಗಿ ಬರ್ತಾನ. ಪುಂಡಿಪಲ್ಯ ಎಲ್ಲಿ ಹೋತು? ಎಲ್ಲಾ ಕಾಟ್ ಮಾಡ್ಯಾರ!"

ಗೌತಮ ನಕ್ಕುಬಿಟ್ಟ. "ಏ ಚಾಚಾ, ಪುಸ್ತಕದಾಗೂ ಹಿಂಗೇ ಅದ. ಬರಂಗಿಲ್ಲ ಅಂವಾ."

"ನೀ ಝೆರಾಕ್ಸ್ ಓದಿದಾಂವ, ಸುಮ್ನಿರು. ನಾ ಅಸಲಿ ಪುಸ್ತಕ ಕೇಳೀನಿ" ಎಂದು ಇಮಾಮುದ್ದೀನ್ ತಿರುಗಿದರು. "ಹೇಳು ದೇವೀಂದ್ರ ಇವರಿಗಿ. ನೀ ಓದಿದ್ದು ಏನಿತ್ತು, ಹೇಳು."

ಎಲ್ಲರೂ ದೇವೀಂದ್ರಪ್ಪನವರನ್ನು ನೋಡಿದರು. ಒಂದು ಸುಳ್ಳು ಸಾಕಿತ್ತು. ಆ ಝೆರಾಕ್ಸಿನಲ್ಲಿ ಕೊನೆಯ ಹಾಳೆ ತಪ್ಪಿದೆ ಎಂದು ನನ್ನ ತಲೆಗೆ ಕಟ್ಟಿದ್ದರೆ ನಾನು ತಲೆ ಬಾಗಿಸಿ ಒಪ್ಪುತ್ತಿದ್ದೆ. ಅವರ ಕಡೆ ನೋಡಿ ಅದಕ್ಕೇ ಸನ್ನೆ ಮಾಡಿದೆ ಕೂಡ. ಅವರು ನನ್ನನ್ನು ನೋಡಲಿಲ್ಲ.

"ಪುಸ್ತಕದಾಗ ಅಂವಾ ಬರಂಗಿಲ್ಲ ಇಮಾಮ್" ಎಂದರು. "ನಾ ಕರಕೊಂಡು ಬಂದೆ."

ಫರೀದಾ ಸೆರಗನ್ನು ಬಾಯಿಗೆ ಹಿಡಿದುಕೊಂಡರು. ಹಾಗೆ ಕರೆತಂದ ಆ ದಿನ ಯಾವುದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಇಮಾಮುದ್ದೀನ್ ತಿರುಗಿ ನಡೆದು ತಮ್ಮ ಹಳೆಯ ಕಾರಿನಲ್ಲಿ ಕೂತು ಧಡ್ ಎಂದು ಬಾಗಿಲು ಹಾಕಿಕೊಂಡರು. ತಾಯಿ ಮಗಳು ಹಿಂದೆ ಹತ್ತಿದರು. ದೇವೀಂದ್ರಪ್ಪ ಕೈ ಕಟ್ಟಿಕೊಂಡು ನೆಲ ನೋಡುತ್ತ ನಿಂತಿದ್ದರು. ಅವರನ್ನು ಅಷ್ಟು ಮುದುಕರಾಗಿ ನಾನು ಎಂದೂ ನೋಡಿರಲಿಲ್ಲ. ಗೌತಮ ಏನೋ ಹೇಳಲು ಬಂದ, ಅವನ ಕಾಲು ತುಳಿದೆ.

ಕಾರು ಶುರುವಾಯಿತು, ಹೊರಡಲಿಲ್ಲ. ಸುತ್ತಲೂ ಬೈಕುಗಳು, ಹಿಂದೆ ಜನ. ಮುಂದಿನ ಆಟಕ್ಕೆ ಬಂದವರು ಹಾರ್ನ್ ಹೊಡೆಯತೊಡಗಿದರು. ಯಾರೋ ಒಬ್ಬ ಸಹಾಯಕ್ಕೆಂದು ಕಾರಿನ ಹಿಂದೆ ನಿಂತು "ಬರ್ರಿ, ಬರ್ರಿ" ಎಂದು ಕೈ ಬೀಸಿದ. ಕಾರು ಅಲುಗಾಡಲಿಲ್ಲ.

ಅಫ್ಶೀನ್ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಕಾಕಾ, ನಮ್ಮ ಅಬ್ಬಾ ನಿಮ್ಮ ದನಿ ಕಾಯಾಕತ್ತಾರ."

ದೇವೀಂದ್ರಪ್ಪ ತಲೆ ಎತ್ತಿದರು. ಆ ಮನುಷ್ಯನನ್ನು ಪಕ್ಕಕ್ಕೆ ಸರಿಸಿ ಕಾರಿನ ಹಿಂದೆ ಹೋಗಿ ನಿಂತರು. ಎರಡು ಬೈಕು ಎಳೆದಿಟ್ಟರು, ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಅಂಗೈಯಿಂದ ಡಿಕ್ಕಿಯ ಮೇಲೆ ತಟ್ಟಿದರು. ಮತ್ತೊಮ್ಮೆ ತಟ್ಟಿದರು.

"ಬರ್ಲಿ, ಬರ್ಲಿ."

ನಾನು ಡ್ರೈವರ್ ಕಿಟಕಿಯ ಪಕ್ಕದಲ್ಲೇ ನಿಂತಿದ್ದೆ. ಇಮಾಮುದ್ದೀನ್ ಕಣ್ಣೊರೆಸಿಕೊಂಡು, ಕನ್ನಡಿ ನೋಡದೆ, ಕಾರನ್ನು ಹಿಂದಕ್ಕೆ ಬಿಟ್ಟರು.